ವಿವಾದದ ಆಚೆಗಿನ ಹಾಡು: ‘ದ ಚಿಕ್ಸ್’ ತಂಡದ ಸಂಗೀತ ಸಾಧನೆ

ಅಮೆರಿಕದ ಕಂಟ್ರಿ ಸಂಗೀತದಲ್ಲಿ ಮಹಿಳೆಯರೇ ಕೂಡಿ ಕಟ್ಟಿದ ಗಾಯನ ತಂಡಗಳ ಪೈಕಿ ‘ದ ಚಿಕ್ಸ್’ ತಂಡಕ್ಕೆ ದೊರೆತಷ್ಟು ಜನಪ್ರಿಯತೆಯಾಗಲಿ, ಅದು ಎದುರಿಸಿದಷ್ಟು ದ್ವೇಷವಾಗಲಿ ಮತ್ತೊಂದು ತಂಡದ ಪಾಲಿಗೆ ಬಂದಿಲ್ಲ. 2020ರವರೆಗೆ ‘ಡಿಕ್ಸಿ ಚಿಕ್ಸ್’ ಎಂದು ಹೆಸರಾಗಿದ್ದ ಈ ತಂಡದ ಬಗ್ಗೆ ಬರೆಯುವವರು, ಹೊಗಳುವವರಿರಲಿ ತೆಗಳುವವರಿರಲಿ, 2003ರಲ್ಲಿ ಲಂಡನ್ನಿನ ವೇದಿಕೆಯ ಮೇಲೆ ಅದರ ಪ್ರಧಾನ ಗಾಯಕಿ ಆಡಿದ ಒಂದು ವಾಕ್ಯದಿಂದಲೇ ಮಾತು ಆರಂಭಿಸುತ್ತಾರೆ; ಹಾಡುಗಾರಿಕೆಯ ವಿಚಾರ ಕೊನೆಗೆ ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಇದರಿಂದ ಆ ಕಲಾವಿದೆಯರಿಗೆ ಅನ್ಯಾಯವಾಗಿದೆ. ತಂಡದ ಅತ್ಯುತ್ತಮ ಕೃತಿ ಆ ವಾಕ್ಯಕ್ಕೆ ಮೊದಲೇ, 2002ರ ಆಗಸ್ಟಿನಲ್ಲಿ ಬಂದ ‘ಹೋಮ್’ ಎಂಬ ಆಲ್ಬಂ. ಅನಂತರದ ಆಲ್ಬಂಗಳಲ್ಲಿ ಹೇಳುವ ಮಾತಿನ ಬಲ ಹೆಚ್ಚಿದಂತೆ ಹಾಡುವ ಕಲೆಯ ಹರವು ಕಿರಿದಾಗುತ್ತ ಬಂತು ಎಂಬುದು ಈ ಲೇಖನದ ವಾದ.

ಕಂಟ್ರಿ ಎಂದರೆ ಅಮೆರಿಕದ ದಕ್ಷಿಣ ಸೀಮೆಯ ಬಿಳಿಯ ರೈತಾಪಿ ಜನರ ಹಾಡುಗಳು, ಚರ್ಚಿನ ಭಕ್ತಿಗೀತೆಗಳು ಹಾಗೂ ಕಪ್ಪು ಜನರ ಬ್ಲೂಸ್ ಸಂಗೀತ ಕೂಡಿ ರೂಪುಗೊಂಡ ಪ್ರಕಾರ. 1920ರ ದಶಕದಲ್ಲಿ ಧ್ವನಿಮುದ್ರಣ ಮತ್ತು ರೇಡಿಯೊ ಅದನ್ನು ಉದ್ಯಮವಾಗಿ ಬೆಳೆಸಿದವು. ಆ ಉದ್ಯಮದ ಆರಂಭದಿಂದಲೂ ಹೆಣ್ಣುಮಕ್ಕಳು ಅಲ್ಲಿದ್ದರು. 1927ರಲ್ಲಿ ಟೆನೆಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ಮೊದಲ ಬಾರಿಗೆ ಧ್ವನಿಮುದ್ರಿಸಿದ ಕಾರ್ಟರ್ ಕುಟುಂಬದಲ್ಲಿ ಸೇರಾ ಕಾರ್ಟರಳ ಕಂಠ, ಮೇಬೆಲ್ ಕಾರ್ಟರಳ ಗಿಟಾರ್ ಇಲ್ಲದೆ ಆ ಕುಟುಂಬದ ಸಂಗೀತವೇ ಇರುತ್ತಿರಲಿಲ್ಲ. 1930ರ ದಶಕದಲ್ಲಿ ಕೆಂಟಕಿಯ ಲಿಲಿ ಮೇ ಲೆಡ್‌ಫರ್ಡ್ ಮುಂದಾಳತ್ವದ ‘ಕೂನ್ ಕ್ರೀಕ್ ಗರ್ಲ್ಸ್’ ತಂಡದಲ್ಲಿ ಹಾಡುವವರಷ್ಟೇ ಅಲ್ಲ, ವಾದ್ಯ ನುಡಿಸುವವರೂ ಹೆಂಗಸರೇ ಆಗಿದ್ದರು. 1939ರಲ್ಲಿ ಇಂಗ್ಲೆಂಡಿನ ಅರಸ ಆರನೆಯ ಜಾರ್ಜ್ ಭೇಟಿ ನೀಡಿದಾಗ ಅವರು ಶ್ವೇತಭವನದಲ್ಲಿ ಹಾಡಿದರು. ಆದರೂ ವಾದ್ಯ ಗಂಡಸಿಗೆ, ಕಂಠ ಹೆಣ್ಣಿಗೆ ಎಂಬ ಹಂಚಿಕೆ ಬಹುಕಾಲ ಹಾಗೆಯೇ ಉಳಿಯಿತು. 1980ರ ದಶಕದಲ್ಲಿ ಯಶಸ್ಸು ಕಂಡ ಜಾರ್ಜಿಯಾದ ಫಾರೆಸ್ಟರ್ ಸಹೋದರಿಯರೂ ಮುಖ್ಯವಾಗಿ ಗಾಯಕಿಯರೆಂದೇ ಹೆಸರಾದವರು. ಈ ಹಿನ್ನೆಲೆಯಲ್ಲಿ ನೋಡಿದಾಗ, ಟೆಕ್ಸಸ್‌ನ ಡಾಲಸ್‌ನಲ್ಲಿ 1989ರಲ್ಲಿ ಬೀದಿಬದಿಯಲ್ಲಿ ನುಡಿಸುತ್ತ ಮೊದಲಾದ ತಂಡವೊಂದು ಪಿಟೀಲು, ಬ್ಯಾಂಜೊಗಳನ್ನು ಹಿಡಿದು ಬಂದದ್ದರ ಮಹತ್ವ ತಿಳಿಯುತ್ತದೆ.

ಆ ತಂಡದಲ್ಲಿ ಆಗ ಇದ್ದವರು ಮಾರ್ಟಿ ಮತ್ತು ಎಮಿಲಿ ಅರ್ವಿನ್ ಎಂಬ ಅಕ್ಕತಂಗಿಯರು, ಅವರ ಜೊತೆಗೆ ಲಾರಾ ಲಿಂಚ್ ಹಾಗೂ ರಾಬಿನ್ ಲಿನ್ ಮೇಸಿ. ಮಾರ್ಟಿಯದು ಪಿಟೀಲು ಮತ್ತು ಮ್ಯಾಂಡೊಲಿನ್. ಎಮಿಲಿಯದು ಬ್ಯಾಂಜೊ ಮತ್ತು ಡೋಬ್ರೊ. ಡೋಬ್ರೊ ಎಂಬುದು ಒಡಲಲ್ಲಿ ಲೋಹದ ತಟ್ಟೆಯಿರುವ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್. ಇಬ್ಬರೂ ಬಾಲ್ಯದಿಂದ ಕಲಿತದ್ದು ಬ್ಲೂಗ್ರಾಸ್, ಅಂದರೆ ವಿದ್ಯುತ್ ಬಳಸದ ತಂತಿವಾದ್ಯಗಳನ್ನು ಅತಿ ವೇಗವಾಗಿ ನುಡಿಸುವ, ಎತ್ತರದ ಶ್ರುತಿಯಲ್ಲಿ ಒಟ್ಟಾಗಿ ಹಾಡುವ ಬೆಟ್ಟನಾಡಿನ ಶೈಲಿ. 1990ರಿಂದ 1993ರವರೆಗೆ ಸಣ್ಣ ಮಟ್ಟದಲ್ಲಿ ಹೊರಬಂದ ಮೂರು ಆಲ್ಬಂಗಳಲ್ಲಿ ಕೈಚಳಕವಿದೆ, ಲವಲವಿಕೆಯಿದೆ, ಆದರೆ ಕೇಳುಗರನ್ನು ಹಿಡಿದು ನಿಲ್ಲಿಸುವ ಕಂಠವಿಲ್ಲ. ಮೇಸಿ 1992ರಲ್ಲಿ ತಂಡ ಬಿಟ್ಟರು. 1995ರಲ್ಲಿ ಲಿಂಚ್ ಅವರ ಸ್ಥಾನಕ್ಕೆ ಲಬಕ್ ಊರಿನ ನಟಾಲಿ ಮೇನ್ಸ್ ಬಂದರು. ಸ್ಟೀಲ್ ಗಿಟಾರಿನ ಹೆಸರಾಂತ ವಾದಕ ಲಾಯ್ಡ್ ಮೇನ್ಸ್ ಅವರ ಮಗಳು ಈಕೆ.

ನಟಾಲಿಯ ಬರವಿನಿಂದ ತಂಡದ ಸ್ವರೂಪವೇ ಬದಲಾಯಿತು. ಪಾಶ್ಚಾತ್ಯ ಗಾಯನದಲ್ಲಿ ಹಾರ್ಮನಿ ಎಂದರೆ ಒಂದೇ ಸಾಹಿತ್ಯವನ್ನು ಹಲವರು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳಲ್ಲಿ, ಆ ಸ್ವರಗಳು ಒಂದಕ್ಕೊಂದು ಹೊಂದುವಂತೆ ಹಾಡುವ ಕ್ರಮ. ಹತ್ತು ಜನ ಕೂಡಿ ಹಾಡಿದರೂ ಒಂದೇ ಸ್ವರಪಂಕ್ತಿಯನ್ನು ಹಾಡುವ ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳಿಗೆ ಕಿವಿಗೊಟ್ಟು ಬೆಳೆದವರಿಗೆ ಇದು ತುಸು ಹೊಸದೆನಿಸಬಹುದು. ಒಡಹುಟ್ಟಿದವರ ಕಂಠಗಳಿಗೆ ಸಹಜವಾಗಿ ಇರುವ ಹೋಲಿಕೆಯಿಂದ ಹುಟ್ಟುವ ಮೇಳವನ್ನು ಕಂಟ್ರಿ ವಲಯದವರು ರಕ್ತಸಂಬಂಧದ ಹಾರ್ಮನಿ ಎಂದು ಗುರುತಿಸುತ್ತಾರೆ. ಮಾರ್ಟಿ ಮತ್ತು ಎಮಿಲಿಯರದು ಅಂಥ ಮೇಳ. ನುಣುಪಾಗಿ ಕೂಡಿಕೊಂಡ ಅವರ ದನಿಗಳ ನಡುವೆ ನಟಾಲಿಯ ಒರಟು ಅಂಚಿನ, ಮೂಗಿನಿಂದ ತುಸು ಒತ್ತಿ ಬರುವ, ದೊಡ್ಡ ಸಭಾಂಗಣವನ್ನೂ ತುಂಬಬಲ್ಲ ಕಂಠ ಸೇರಿದಾಗ ಮೂರೂ ದನಿಗಳು ಬೆರೆತರೂ ಒಂದರಲ್ಲೊಂದು ಕರಗಿಹೋಗುವುದಿಲ್ಲ. ತಂಡದ ಶಕ್ತಿಯ ಗುಟ್ಟು ಇಲ್ಲಿದೆ.

1998ರ ‘ವೈಡ್ ಓಪನ್ ಸ್ಪೇಸಸ್’ ಮತ್ತು 1999ರ ‘ಫ್ಲೈ’ ಆಲ್ಬಂಗಳು ಅಮೆರಿಕವೊಂದರಲ್ಲೇ ತಲಾ 1 ಕೋಟಿ ಪ್ರತಿಗಳ ಗಡಿ ದಾಟಿದವು. ಮಾರಾಟದ ದೃಷ್ಟಿಯಿಂದ ಇವು ಶಿಖರಗಳಾದರೂ ಕಲೆಯ ದೃಷ್ಟಿಯಿಂದ ಇವುಗಳಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಉದ್ಯಮದ ಹೊಳಪು ಹೆಚ್ಚು. ಡ್ರಮ್ ಮತ್ತು ವಿದ್ಯುತ್ ಗಿಟಾರುಗಳ ಗದ್ದಲದಲ್ಲಿ ಬ್ಯಾಂಜೊ ಅನೇಕ ಕಡೆ ಅಲಂಕಾರವಾಗಿ ಉಳಿಯುತ್ತದೆ. ಇದಕ್ಕೆ ಅಪವಾದವಾಗಿ ನಿಲ್ಲುವುದು ಡೆನ್ನಿಸ್ ಲಿಂಡ್ ಬರೆದ ‘ಗುಡ್‌ಬೈ ಅರ್ಲ್’. ಗಂಡನ ಹೊಡೆತಕ್ಕೆ ಸಿಕ್ಕು, ನ್ಯಾಯಾಲಯದ ರಕ್ಷಣಾ ಆದೇಶವಿದ್ದರೂ ತೀವ್ರ ನಿಗಾ ಘಟಕ ಸೇರಿದ ಹೆಂಗಸೊಬ್ಬಳು ತನ್ನ ಬಾಲ್ಯದ ಗೆಳತಿಯ ನೆರವಿನಿಂದ ಅಲಸಂದೆ ಕಾಳಿನ ಅಡುಗೆಯಲ್ಲಿ ಅವನಿಗೆ ವಿಷವಿಕ್ಕುವ ಕಥೆಯಿದು. ಕೆಲವು ರೇಡಿಯೊ ಕೇಂದ್ರಗಳು ಹಾಡನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಹೆಂಡತಿಯನ್ನೋ ಪ್ರಿಯತಮೆಯನ್ನೋ ಕೊಂದ ಗಂಡಸಿನ ಬಾಯಲ್ಲಿ ಹಾಡಿಸುವ ಲಾವಣಿಗಳು ಇದೇ ಪರಂಪರೆಯಲ್ಲಿ ತಲೆಮಾರುಗಳಿಂದ ನಡೆದುಬಂದಿರುವಾಗ ಈ ಹಿಂಜರಿಕೆಗೆ ಗಟ್ಟಿ ಸಮರ್ಥನೆ ಇರಲಿಲ್ಲ. ಘೋರವಾದ ಕಥೆಗೆ ಉಲ್ಲಾಸದ ಧಾಟಿ ಹೊಂದಿಸಿದ್ದರಿಂದಲೇ ಹಾಡು ಅನುಕಂಪ ಬೇಡುವುದಿಲ್ಲ, ಬಿಡುಗಡೆಯನ್ನು ಆಚರಿಸುತ್ತದೆ.

ರಾಯಧನದ ಲೆಕ್ಕಕ್ಕಾಗಿ ಧ್ವನಿಮುದ್ರಣ ಸಂಸ್ಥೆ ಸೋನಿಯೊಂದಿಗೆ 2001ರಲ್ಲಿ ನಡೆದ ವ್ಯಾಜ್ಯ ತಂಡಕ್ಕೆ ಬಿಡುವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟಿತು. ಆ ಅವಧಿಯಲ್ಲಿ ನ್ಯಾಶ್‌ವಿಲ್ ಬಿಟ್ಟು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಲಾಯ್ಡ್ ಮೇನ್ಸ್ ಅವರ ಸಹನಿರ್ಮಾಣದಲ್ಲಿ, ಡ್ರಮ್ ಬಳಸದೆ ಧ್ವನಿಮುದ್ರಿಸಿದ ಆಲ್ಬಂ ‘ಹೋಮ್’. ಲಯವನ್ನು ಹೊರುವ ಹೊಣೆ ಇಲ್ಲಿ ಬ್ಯಾಂಜೊ, ಮ್ಯಾಂಡೊಲಿನ್ ಮತ್ತು ಗಿಟಾರುಗಳದೇ ಆದ್ದರಿಂದ ಪ್ರತಿ ವಾದ್ಯದ ಪ್ರತಿ ಮೀಟೂ ಕಿವಿಗೆ ಬೀಳುತ್ತದೆ. ತಪ್ಪು ಮುಚ್ಚಿಕೊಳ್ಳಲು ಎಲ್ಲಿಯೂ ಮರೆಯಿಲ್ಲ. ಮೊದಲ ಹಾಡಾದ ಡ್ಯಾರೆಲ್ ಸ್ಕಾಟ್ ರಚನೆ ‘ಲಾಂಗ್ ಟೈಮ್ ಗಾನ್’ ರೇಡಿಯೊದ ಕಂಟ್ರಿ ಸಂಗೀತದಲ್ಲಿ ಜೀವವಿಲ್ಲವೆಂದು ನೇರವಾಗಿ ಹೇಳುತ್ತದೆ, ಮತ್ತು ಅದೇ ರೇಡಿಯೊ ಅದನ್ನು ಜನಪ್ರಿಯಗೊಳಿಸಿತು.

ಬ್ರೂಸ್ ರಾಬಿಸನ್ ಬರೆದ ‘ಟ್ರಾವೆಲಿನ್ ಸೋಲ್ಜರ್’ ಈ ಆಲ್ಬಂನ ಕೇಂದ್ರ. ಹದಿನೆಂಟು ತುಂಬಿ ಎರಡೇ ದಿನವಾದ ಹುಡುಗನೊಬ್ಬ ಸೈನ್ಯದ ಸಮವಸ್ತ್ರದಲ್ಲಿ ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಕೂತಿದ್ದಾನೆ. ತಿಂಡಿ ತಂದುಕೊಡುವ, ಕೂದಲಿಗೆ ರಿಬ್ಬನ್ ಕಟ್ಟಿದ ಹುಡುಗಿಯನ್ನು ಮಾತಿಗೆಳೆದು, ತನಗೆ ಪತ್ರ ಬರೆಯಲು ಬೇರೆ ಯಾರೂ ಇಲ್ಲ, ನಿನಗೆ ಬರೆಯಲೇ ಎಂದು ಕೇಳುತ್ತಾನೆ. ಪತ್ರಗಳು ಮೊದಲು ಕ್ಯಾಲಿಫೋರ್ನಿಯಾದ ಶಿಬಿರದಿಂದ, ಆಮೇಲೆ ವಿಯೆಟ್ನಾಂನಿಂದ ಬರುತ್ತವೆ. ಕೊನೆಗೆ ಶುಕ್ರವಾರದ ರಾತ್ರಿ ಫುಟ್‌ಬಾಲ್ ಆಟದ ಮೈದಾನದಲ್ಲಿ ಪ್ರಾರ್ಥನೆ, ರಾಷ್ಟ್ರಗೀತೆಗಳಾದ ಮೇಲೆ ಮಡಿದವರ ಪಟ್ಟಿ ಓದುತ್ತಾರೆ, ಅದರಲ್ಲಿನ ಒಂದು ಹೆಸರು ಮೇಳದಲ್ಲಿ ಪುಟ್ಟ ಕೊಳಲು ನುಡಿಸುವ ಆ ಹುಡುಗಿಗೆ ಬಿಟ್ಟರೆ ಯಾರಿಗೂ ಬೇಕಾದದ್ದಲ್ಲ. ಕಥೆಗಿಂತ ಮುಖ್ಯವಾದದ್ದು ಅದನ್ನು ಹಾಡಿಗೆ ಹೊಂದಿಸಿದ ಬಗೆ. ಕಥನದ ನುಡಿಗಳನ್ನು ನಟಾಲಿ ಅಬ್ಬರವಿಲ್ಲದೆ, ಸುದ್ದಿ ಹೇಳುವ ಸಮಸ್ವರದಲ್ಲಿ ಹಾಡಿದರೆ, ಹುಡುಗಿಯ ಶಪಥವಾದ ಪಲ್ಲವಿಯಲ್ಲಿ ಅಕ್ಕತಂಗಿಯರು ಕೂಡಿಕೊಳ್ಳುತ್ತಾರೆ. ಸಾವಿಗೆ ಮುಂಚೆ ಕಾಯುವ ಭರವಸೆಯಾಗಿದ್ದ ಆ ಪಲ್ಲವಿಯೇ ಸಾವಿನ ನಂತರವೂ ಮರಳುತ್ತದೆ. ಮಾತು ಬದಲಾಗದೆ ಅರ್ಥ ಪೂರಾ ಬದಲಾಗುತ್ತದೆ. ಯುದ್ಧ ಸರಿಯೆಂದೋ ತಪ್ಪೆಂದೋ ಹಾಡು ಎಲ್ಲಿಯೂ ಹೇಳುವುದಿಲ್ಲ, ಆದ್ದರಿಂದಲೇ ಅದನ್ನು ಯಾವ ಪಕ್ಷದವರೂ ತಳ್ಳಿಹಾಕುವಂತಿಲ್ಲ. ಪ್ಯಾಟಿ ಗ್ರಿಫಿನ್ ಬರೆದ, ಆಲ್ಬಂನ ಕೊನೆಯ ಹಾಡು ‘ಟಾಪ್ ಆಫ್ ದ ವರ್ಲ್ಡ್’ ಸತ್ತ ಗಂಡಸೊಬ್ಬನ ಪಶ್ಚಾತ್ತಾಪವನ್ನು ಮೂವರು ಹೆಂಗಸರ ಕಂಠದಲ್ಲಿ ನುಡಿಸುತ್ತದೆ. ಇಷ್ಟು ಕಠಿಣವಾದ ಕರುಣೆ ಜನಪ್ರಿಯ ಸಂಗೀತದಲ್ಲಿ ಅಪರೂಪ.

2003ರ ಜನವರಿಯಲ್ಲಿ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದಲ್ಲಿ ರಾಷ್ಟ್ರಗೀತೆ ಹಾಡಿದ್ದ ತಂಡ, ಮಾರ್ಚ್ 10ರಂದು, ಇರಾಕ್ ಮೇಲಿನ ದಾಳಿಗೆ ಹತ್ತು ದಿನ ಮೊದಲು, ಲಂಡನ್ನಿನ ಶೆಪರ್ಡ್ಸ್ ಬುಷ್ ಎಂಪೈರ್ ಸಭಾಂಗಣದಲ್ಲಿತ್ತು. ತಮಗೆ ಈ ಯುದ್ಧ ಬೇಡವೆಂದೂ, ಅಧ್ಯಕ್ಷ ಜಾರ್ಜ್ ಬುಷ್ ಟೆಕ್ಸಸ್‌ನವರೆಂಬುದು ತಮಗೆ ನಾಚಿಕೆಯ ಸಂಗತಿಯೆಂದೂ ನಟಾಲಿ ಅಲ್ಲಿ ಹೇಳಿದರು. ಮುಂದಿನದು ಸುಪರಿಚಿತ: ಕ್ಯುಮುಲಸ್ ಎಂಬ ರೇಡಿಯೊ ಜಾಲ ತನ್ನ ಕಂಟ್ರಿ ಕೇಂದ್ರಗಳಲ್ಲಿ ಹಾಡುಗಳನ್ನು ನಿಲ್ಲಿಸಿತು, ಲೂಸಿಯಾನಾದಲ್ಲಿ ಅವರ ಸಿ.ಡಿ.ಗಳ ಮೇಲೆ ಟ್ರ್ಯಾಕ್ಟರ್ ಹರಿಸಲಾಯಿತು, ಕೊಲೆ ಬೆದರಿಕೆ ಬಂತು. ಆ ಹೊತ್ತಿಗೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದ ಹಾಡು ‘ಟ್ರಾವೆಲಿನ್ ಸೋಲ್ಜರ್’. ಸೈನಿಕರಿಗೆ ಅಗೌರವ ತೋರಿದರೆಂಬ ಆರೋಪ ಹೊತ್ತ ತಂಡದ, ಸೈನಿಕನ ಸಾವಿಗೆ ಮಿಡಿದ ಹಾಡೇ ಹೀಗೆ ರೇಡಿಯೊದಿಂದ ಮರೆಯಾಯಿತು. ಕೆಲವೇ ಕಂಪನಿಗಳ ಕೈಯಲ್ಲಿ ನೂರಾರು ಕೇಂದ್ರಗಳು ಸೇರಿದ್ದರಿಂದ ಇದು ಇಷ್ಟು ಬೇಗ ಸಾಧ್ಯವಾಯಿತೆಂಬುದನ್ನು ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆಯೂ ಗಮನಿಸಿತು.

2006ರ ‘ಟೇಕಿಂಗ್ ದ ಲಾಂಗ್ ವೇ’ ಈ ಎಲ್ಲಕ್ಕೂ ತಂಡ ಕೊಟ್ಟ ಉತ್ತರ. ರಿಕ್ ರೂಬಿನ್ ನಿರ್ಮಾಣದ ಈ ಆಲ್ಬಂನ ಎಲ್ಲ ಹಾಡುಗಳ ರಚನೆಯಲ್ಲೂ ಮೂವರೂ ಪಾಲ್ಗೊಂಡರು. 2007ರ ಫೆಬ್ರವರಿಯಲ್ಲಿ ವರ್ಷದ ಆಲ್ಬಂ ಸೇರಿದಂತೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ‘ನಾಟ್ ರೆಡಿ ಟು ಮೇಕ್ ನೈಸ್’ ಹಾಡಿನಲ್ಲಿ ತಗ್ಗಿದ ದನಿಯಿಂದ ಆರಂಭವಾಗುವ ನಟಾಲಿಯ ಕೋಪ ಹಂತಹಂತವಾಗಿ ಏರಿ ಒಡೆಯುವ ರೀತಿ ನಿಜಕ್ಕೂ ರೋಮಾಂಚಕ. ಆದರೆ ಅದು ಒಬ್ಬಳ ಹಾಡು. ಉಳಿದಿಬ್ಬರು ಅದರಲ್ಲಿ ಹಿನ್ನೆಲೆಯಾಗಿದ್ದಾರೆ. ಡ್ರಮ್ ಮರಳಿತು, ಗಿಟಾರುಗಳ ಗೋಡೆ ಎದ್ದಿತು, ಪಿಟೀಲು ಬ್ಯಾಂಜೊಗಳು ಹಿಂದೆ ಸರಿದವು. ಆಲ್ಬಂನಲ್ಲಿ ಹೆಚ್ಚು ಕಾಲ ಬಾಳುವ ರಚನೆಗಳೆಂದರೆ ವಿವಾದದ ನೆನಪಿಲ್ಲದವು: ಮರೆವಿನ ರೋಗಕ್ಕೆ ತುತ್ತಾದ ಹಿರಿಯರ ಬಗೆಗಿನ ‘ಸೈಲೆಂಟ್ ಹೌಸ್’, ಮಕ್ಕಳಾಗದ ದಂಪತಿಯ ನೋವಿನ ‘ಸೋ ಹಾರ್ಡ್’. ಕಂಟ್ರಿ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕಿಂತ ಮೇಲೇರದ ‘ನಾಟ್ ರೆಡಿ ಟು ಮೇಕ್ ನೈಸ್’ ಸಾಮಾನ್ಯ ಪಟ್ಟಿಯಲ್ಲಿ 4ನೆಯ ಸ್ಥಾನ ಮುಟ್ಟಿತು; ತಂಡ ತನ್ನ ತವರಿನಿಂದ ಹೊರಬಿದ್ದಿತ್ತು. ಹದಿನಾಲ್ಕು ವರ್ಷಗಳ ಬಳಿಕ, ಹೆಸರು ಬದಲಿಸಿಕೊಂಡ ತಂಡ ಜ್ಯಾಕ್ ಆಂಟನಾಫ್ ಸಹನಿರ್ಮಾಣದಲ್ಲಿ ತಂದ ‘ಗ್ಯಾಸ್‌ಲೈಟರ್’ ನಟಾಲಿಯ ವಿಚ್ಛೇದನದ ಕಹಿಯನ್ನು ಪಾಪ್ ಸಂಗೀತದ ಚೌಕಟ್ಟಿನಲ್ಲಿ ಹೇಳುತ್ತದೆ. ಅದರಲ್ಲೂ ‘ಮಾರ್ಚ್ ಮಾರ್ಚ್’ ಹಾಡಿನ ಕೊನೆಯಲ್ಲಿ ಮಾತು ನಿಂತು ಮಾರ್ಟಿಯ ಪಿಟೀಲು ಮುಂದುವರಿದಾಗ ಮಾತ್ರ ಹಳೆಯ ತಂಡದ ಪೂರ್ಣಶಕ್ತಿ ಕಾಣುತ್ತದೆ.

ಇದರಿಂದ 2003ರ ಮಾತು ತಪ್ಪೆಂದಾಗಲಿ, ಅವರು ಸುಮ್ಮನಿರಬೇಕಿತ್ತೆಂದಾಗಲಿ ಅರ್ಥವಲ್ಲ. ಅವರು ತೆತ್ತ ಬೆಲೆಯ ಭಯ ಮುಂದಿನ ಪೀಳಿಗೆಯ ಗಾಯಕಿಯರನ್ನೂ ಕಾಡಿತು. ಅವರಂತಾಗಬೇಡವೆಂಬ ಎಚ್ಚರಿಕೆ ಕೇಳುತ್ತಲೇ ಬೆಳೆದುದಾಗಿ ಟೇಲರ್ ಸ್ವಿಫ್ಟ್ 2020ರ ‘ಮಿಸ್ ಅಮೆರಿಕಾನಾ’ ಸಾಕ್ಷ್ಯಚಿತ್ರದಲ್ಲಿ ಹೇಳಿದ್ದಾರೆ. ಆ ಬಹಿಷ್ಕಾರದಿಂದಾದ ನಿಜವಾದ ನಷ್ಟ ಮಾರಾಟದ ಲೆಕ್ಕದಲ್ಲಿ ಸಿಗುವುದಿಲ್ಲ: ‘ಹೋಮ್’ ತೆರೆದ ದಾರಿಯಲ್ಲಿ ಎರಡನೆಯ ಆಲ್ಬಂ ಬರಲೇ ಇಲ್ಲ. ಈ ತಂಡವನ್ನು ಮೊದಲ ಸಲ ಕೇಳಹೊರಟವರು ವಿವಾದದ ಕಥೆಯನ್ನು ಬದಿಗಿಟ್ಟು ಆ ಆಲ್ಬಂನಿಂದಲೇ ತೊಡಗಬೇಕು, ಹನ್ನೆರಡು ಹಾಡುಗಳನ್ನೂ ಅವುಗಳ ಕ್ರಮದಲ್ಲಿಯೇ ಕೇಳಬೇಕು.