ಗಾಂಭೀರ್ಯದ ಹೊಗಳಿಕೆಗೆ ಸಿಗದ ನಟನೆ: ಗ್ರಹಾಂ ಗ್ರೀನ್ ಮತ್ತು ಕೆನಡಾದ ಮೂಲನಿವಾಸಿ ಕಲಾವಿದರು

‘ಲಿಟ್ಲ್ ಬಿಗ್ ಮ್ಯಾನ್’ (1970) ಚಿತ್ರದ ಕೊನೆಯಲ್ಲಿ ಶೈಯೆನ್ ಬುಡಕಟ್ಟಿನ ಮುದಿ ನಾಯಕ ಸಾಯಲೆಂದು ಗುಡ್ಡ ಹತ್ತುತ್ತಾನೆ. ಪ್ರಾರ್ಥನೆ ಮುಗಿಸಿ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಾನೆ. ಮುಖದ ಮೇಲೆ ಮಳೆಹನಿ ಬೀಳುತ್ತದೆ, ರೆಪ್ಪೆ ಅದುರುತ್ತದೆ. ತಾನಿನ್ನೂ ಈ ಲೋಕದಲ್ಲೇ ಇದ್ದೇನೆಯೇ ಎಂದು ಪಕ್ಕದಲ್ಲಿ ನಿಂತ ಸಾಕುಮಗನನ್ನು ಕೇಳುತ್ತಾನೆ. ಇದ್ದೀರಿ ಎಂದಾಗ, ಮಂತ್ರ ಒಂದೊಂದು ಸಲ ಫಲಿಸುತ್ತದೆ, ಒಂದೊಂದು ಸಲ ಇಲ್ಲ ಎನ್ನುವ ಅರ್ಥದ ಮಾತಾಡಿ, ಊಟಕ್ಕೆ ಹೋಗೋಣ ಎಂದು ಎದ್ದು ಗುಡ್ಡ ಇಳಿಯುತ್ತಾನೆ. ಚಿತ್ರಕ್ಕೆ ಮೂಲವಾದ ಥಾಮಸ್ ಬರ್ಗರ್ ಅವರ ಕಾದಂಬರಿಯಲ್ಲಿ ಆ ಮುದುಕ ನಿಜಕ್ಕೂ ಸಾಯುತ್ತಾನೆ. ಪರದೆಯ ಮೇಲೆ ಮಾತ್ರ ಬದುಕಿ ಉಳಿಯುತ್ತಾನೆ.

ಆ ಪಾತ್ರ ಮಾಡಿದವರು ವ್ಯಾಂಕೂವರ್ ಸಮೀಪದ ಬರಾರ್ಡ್ ಕೊಲ್ಲಿ ದಂಡೆಯ ಸ್ಲೇಲ್‌ವಾಟುತ್ ಸಮುದಾಯದ ಚೀಫ್ ಡ್ಯಾನ್ ಜಾರ್ಜ್. ಆಸ್ಕರ್ ನಾಮನಿರ್ದೇಶನ ಬಂತು, ನ್ಯೂಯಾರ್ಕ್ ವಿಮರ್ಶಕರ ಪ್ರಶಸ್ತಿಯೂ ಬಂತು. ಹೊಗಳಿಕೆಯಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು ಗಾಂಭೀರ್ಯ, ಘನತೆ, ಪ್ರಾಚೀನ ವಿವೇಕ ಎಂಬ ಮಾತುಗಳು. ಅಂದಿನಿಂದ ಇಂದಿನವರೆಗೆ ಕೆನಡಾದ ಮೂಲನಿವಾಸಿ ನಟರನ್ನೆಲ್ಲ ಅಳೆಯುತ್ತಿರುವುದು ಇದೇ ಅಳತೆಗೋಲಿನಿಂದ. ಅದು ತಪ್ಪು ಅಳತೆಗೋಲು ಎಂಬುದು ನನ್ನ ವಾದ. ಗುಡ್ಡದ ಆ ದೃಶ್ಯವನ್ನು ಗೆಲ್ಲಿಸುವುದು ಗಾಂಭೀರ್ಯವಲ್ಲ, ರೆಪ್ಪೆ ಅದುರಿದ ಮೇಲೆ ಪ್ರಶ್ನೆ ಕೇಳುವ ಮುಂಚೆ ಡ್ಯಾನ್ ಜಾರ್ಜ್ ತೆಗೆದುಕೊಳ್ಳುವ ಸಮಯ. ಒಂದು ಕ್ಷಣ ಮೊದಲು ಕೇಳಿದ್ದರೆ ಅದು ಬರೀ ತಮಾಷೆ, ಒಂದು ಕ್ಷಣ ತಡವಾಗಿದ್ದರೆ ಬರೀ ದುಃಖ. ಆರು ದಶಕಗಳಿಂದ ಈ ನಟರು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ ಬಂದಿರುವ ಕಸುಬು ಈ ನಡುವಿನ ಜಾಗದ್ದು. ಆ ಕಸುಬನ್ನು ತುತ್ತತುದಿಗೆ ಒಯ್ದವರು 2025ರ ಸೆಪ್ಟೆಂಬರ್ 1ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡ ಗ್ರಹಾಂ ಗ್ರೀನ್.

(ನಮ್ಮ ಓದುಗರಿಗೆ ಈ ಹೆಸರು ಕೇಳಿದೊಡನೆ ಮೈಸೂರಿನ ಆರ್.ಕೆ. ನಾರಾಯಣರ ಮೊದಲ ಕಾದಂಬರಿಗೆ ಪ್ರಕಾಶಕರನ್ನು ಹುಡುಕಿಕೊಟ್ಟ ಇಂಗ್ಲಿಷ್ ಲೇಖಕ ನೆನಪಾಗಬಹುದು. ಇವರು ಬೇರೆ.)

ಈ ಪರಂಪರೆಯ ಹಿಂದೆ ಒಂದು ಕಾನೂನಿನ ಕಥೆಯಿದೆ. ಪಶ್ಚಿಮ ಕರಾವಳಿಯ ಸಮುದಾಯಗಳ ಪಾಟ್‌ಲ್ಯಾಚ್ ಎಂಬ ಆಚರಣೆಯನ್ನು, ಅಂದರೆ ಕುಣಿತ, ಹಾಡು, ಮುಖವಾಡ, ದಾನ ಎಲ್ಲವೂ ಸೇರಿದ ಕೂಟವನ್ನು, ಕೆನಡಾ ಸರ್ಕಾರ 1885ರಿಂದ 1951ರವರೆಗೆ ಅಪರಾಧವೆಂದು ಸಾರಿತ್ತು. ಕುಣಿದವರು ಜೈಲಿಗೆ ಹೋದರು, ಮುಖವಾಡಗಳು ಜಪ್ತಿಯಾಗಿ ವಸ್ತುಸಂಗ್ರಹಾಲಯಗಳನ್ನು ಸೇರಿದವು. ತಮ್ಮ ಜನರ ನಡುವೆ ತಮ್ಮ ವೇಷ ಕಟ್ಟುವುದು ನಿಷಿದ್ಧವಾಗಿದ್ದ ಕಾಲದಲ್ಲೇ ಹಾಲಿವುಡ್ಡಿಗೆ ಗರಿ ಕಿರೀಟದ ‘ಇಂಡಿಯನ್ನರು’ ಬೇಕಾಗಿದ್ದರು. ಡ್ಯಾನ್ ಜಾರ್ಜ್ ಹುಟ್ಟಿದ್ದು 1899ರಲ್ಲಿ, ಆ ನಿಷೇಧದ ನಡುವೆ. ಐದನೇ ವಯಸ್ಸಿಗೆ ಮಿಷನ್ ವಸತಿ ಶಾಲೆ, ಅಲ್ಲಿ ಮನೆಮಾತಿಗೆ ಅವಕಾಶವಿರಲಿಲ್ಲ. ಬೆಳೆದ ಮೇಲೆ ಬಂದರಿನಲ್ಲಿ ಹಡಗುಗಳಿಗೆ ಸರಕು ಹೇರುವ ಕೂಲಿ. 1947ರ ಅಪಘಾತದ ನಂತರ ಆ ದುಡಿಮೆಯೂ ನಿಂತಿತು. ಸಿಬಿಸಿ ಟಿವಿಯ ‘ಕ್ಯಾರಿಬೂ ಕಂಟ್ರಿ’ ಸರಣಿಯಲ್ಲಿ ಓಲ್ಡ್ ಆಂಟ್ವಾನ್ ಪಾತ್ರಕ್ಕೆ ಬಣ್ಣ ಹಚ್ಚುವ ಹೊತ್ತಿಗೆ ಅವರು ಅರವತ್ತು ದಾಟಿದ್ದರು. 1967ರ ಜುಲೈ 1ರಂದು ಕೆನಡಾ ತನ್ನ ಶತಮಾನೋತ್ಸವ ಆಚರಿಸುತ್ತಿದ್ದಾಗ, ವ್ಯಾಂಕೂವರಿನ ಎಂಪೈರ್ ಕ್ರೀಡಾಂಗಣದಲ್ಲಿ ತುಂಬಿ ಕೂತಿದ್ದ ಜನರೆದುರು ಆ ನೂರು ವರ್ಷಗಳಿಗಾಗಿ ಶೋಕಗೀತೆ ಓದಿದವರು ಅವರೇ. ಅದೇ ವರ್ಷ ಜಾರ್ಜ್ ರೈಗ ಅವರ ‘ದಿ ಎಕ್ಸ್ಟಸಿ ಆಫ್ ರೀಟಾ ಜೋ’ ನಾಟಕದಲ್ಲಿ ನಗರಕ್ಕೆ ಹೋಗಿ ಹಾಳಾದ ಮಗಳ ತಂದೆಯಾದರು.

ಹೀಗೆ ಬಂದ ಮನುಷ್ಯ 1976ರ ‘ದಿ ಔಟ್‌ಲಾ ಜೋಸಿ ವೇಲ್ಸ್’ನಲ್ಲಿ ಏನು ಮಾಡಿದರು ನೋಡಿ. ಅಬ್ರಹಾಂ ಲಿಂಕನ್‌ನಂತೆ ಉದ್ದ ಕೋಟು, ಎತ್ತರದ ಟೋಪಿ ತೊಟ್ಟ ಚೆರೋಕಿ ಮುದುಕ. ಕ್ಲಿಂಟ್ ಈಸ್ಟ್‌ವುಡ್ ಸದ್ದಿಲ್ಲದೆ ಅವನ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ನಮ್ಮನ್ನು ನಾಗರಿಕ ಬುಡಕಟ್ಟು ಎಂದು ಕರೆಯುವುದೇ ಹೀಗೆ ಹಿಂದಿನಿಂದ ಬಂದು ಹಿಡಿಯಲು ಸುಲಭವೆಂದು ಎಂಬ ಭಾವದ ಮಾತನ್ನು ಮುದುಕ ಹೇಳುತ್ತಾನೆ. ವಾಷಿಂಗ್ಟನ್ನಿಗೆ ಅಹವಾಲು ಒಯ್ದ ಕಥೆಯನ್ನೂ ಅದೇ ದನಿಯಲ್ಲಿ ಹೇಳುತ್ತಾನೆ. ದನಿ ಏರುವುದಿಲ್ಲ, ಇಳಿಯುವುದಿಲ್ಲ. ನೆಲ ಕಳೆದುಕೊಂಡ ಒಂದು ಜನಾಂಗದ ಚರಿತ್ರೆ ನಗೆಯ ಮಾತಾಗಿ ಬರುತ್ತದೆ, ಹೇಳುತ್ತಿರುವವನು ಮಾತ್ರ ನಗುವುದಿಲ್ಲ.

ಗ್ರೀನ್ ಹುಟ್ಟಿದ್ದು 1952ರಲ್ಲಿ, ಒಂಟಾರಿಯೊದ ಗ್ರ್ಯಾಂಡ್ ನದಿ ತೀರದ ಸಿಕ್ಸ್ ನೇಷನ್ಸ್ ಮೀಸಲು ಪ್ರದೇಶದ ಒಹ್ಸ್ವೀಕನ್ ಎಂಬಲ್ಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿ ಊರು ಕಳೆದುಕೊಂಡ ಮೊಹಾಕ್ ಮೊದಲಾದ ಜನರಿಗೆ 1784ರಲ್ಲಿ ಕೊಟ್ಟ ನೆಲ ಅದು. ಪ್ರದರ್ಶನ ಕಲೆ ಆ ನೆಲಕ್ಕೆ ಹೊಸದಲ್ಲ. ಕವಯಿತ್ರಿ ಪಾಲಿನ್ ಜಾನ್ಸನ್ 1861ರಲ್ಲಿ ಹುಟ್ಟಿದ್ದು ಅಲ್ಲಿ. ಕಾರ್ಯಕ್ರಮದ ಅರ್ಧ ಭಾಗ ಚರ್ಮದ ಉಡುಪಿನಲ್ಲಿ, ಇನ್ನರ್ಧ ವಿಕ್ಟೋರಿಯನ್ ಗೌನಿನಲ್ಲಿ ಆಕೆ ವೇದಿಕೆಯ ಮೇಲೆ ಕವಿತೆ ಓದುತ್ತಿದ್ದರು. ‘ಲೋನ್ ರೇಂಜರ್’ ಟಿವಿ ಸರಣಿಯಲ್ಲಿ (1949–57) ಮುರುಕು ಇಂಗ್ಲಿಷ್ ಮಾತಾಡುವ ಟಾಂಟೊ ಆದ ಜೇ ಸಿಲ್ವರ್‌ಹೀಲ್ಸ್ ಅಲ್ಲಿಯವರು. ಆ ಪಾತ್ರ ತಮ್ಮ ಜನರಿಗೆ ಮಾಡಿದ ಅವಮಾನ ಅವರಿಗೆ ಗೊತ್ತಿಲ್ಲದೇ ಇರಲಿಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಮೂಲನಿವಾಸಿ ನಟರಿಗೆ ತರಬೇತಿ ಕಾರ್ಯಾಗಾರ ಆರಂಭಿಸಿದವರಲ್ಲಿ ಅವರು ಮುಖ್ಯರು. ನಟ ಗ್ಯಾರಿ ಫಾರ್ಮರ್ ಕೂಡ ಅದೇ ಊರಿನವರು.

ಗ್ರೀನ್ ನೇರವಾಗಿ ನಟನೆಗೆ ಬಂದವರಲ್ಲ. ಉಕ್ಕಿನ ಕೆಲಸ, ನಕ್ಷೆ ಬರೆಯುವ ಕೆಲಸ, ರಾಕ್ ತಂಡಗಳಿಗೆ ಧ್ವನಿ ನಿರ್ವಹಣೆ ಎಲ್ಲ ಮಾಡಿಕೊಂಡು 70ರ ದಶಕದಲ್ಲಿ ರಂಗಭೂಮಿಯತ್ತ ಹೊರಳಿದರು. ಅವರನ್ನು ರೂಪಿಸಿದ್ದು ಹಾಲಿವುಡ್ ಅಲ್ಲ, ಟೊರಾಂಟೊದ ಸಣ್ಣ ರಂಗಮಂದಿರಗಳು. 1982ರಲ್ಲಿ ಶುರುವಾದ ‘ನೇಟಿವ್ ಅರ್ತ್’ ತಂಡದಲ್ಲಿ ಕ್ರೀ ನಾಟಕಕಾರ ಟಾಮ್ಸನ್ ಹೈವೇ ಬರೆಯುತ್ತಿದ್ದ ನಾಟಕಗಳ ನಡುವೆ ನಾನಬುಷ್ ಎಂಬ ಮಾಯಾವಿ ನಿಂತಿರುತ್ತಿದ್ದ. ಅವನು ಗಂಡೂ ಆಗುತ್ತಾನೆ, ಹೆಣ್ಣೂ ಆಗುತ್ತಾನೆ, ದೇವರಾಗುತ್ತಾನೆ, ಪೆದ್ದನೂ ಆಗುತ್ತಾನೆ. 1989ರ ‘ಡ್ರೈ ಲಿಪ್ಸ್ ಆಟಾ ಮೂವ್ ಟು ಕಪುಸ್ಕೇಸಿಂಗ್’ ನಾಟಕದಲ್ಲಿ, ಹೆಂಗಸರು ಹಾಕಿ ತಂಡ ಕಟ್ಟಿದ್ದಕ್ಕೆ ಮೀಸಲು ಪ್ರದೇಶದ ಗಂಡಸರು ಕಂಗಾಲಾಗುತ್ತಾರೆ. ನಗೆ ಮತ್ತು ಘೋರ ಹಿಂಸೆ ಒಂದೇ ಅಂಕದಲ್ಲಿ ಬರುವ ಆ ನಾಟಕಕ್ಕಾಗಿ ಗ್ರೀನ್ ಟೊರಾಂಟೊದ ಡೋರಾ ಪ್ರಶಸ್ತಿ ಪಡೆದರು. ಮರುವರ್ಷ ‘ಡ್ಯಾನ್ಸಸ್ ವಿತ್ ವುಲ್ವ್ಸ್’ ಬಂತು. ಗ್ರೀನ್‌ರನ್ನು ಆ ಚಿತ್ರ ಹುಟ್ಟುಹಾಕಿತು ಎನ್ನುವವರು ಈ ಕ್ರಮವನ್ನು ಮರೆಯುತ್ತಾರೆ.

ಆ ಚಿತ್ರದ ಕಿಕ್ಕಿಂಗ್ ಬರ್ಡ್ ಪಾತ್ರವನ್ನು ಹತ್ತಿರದಿಂದ ನೋಡಬೇಕು. ಒನೈಡ ಕುಲದ ಗ್ರೀನ್‌ಗೆ ಆ ಪಾತ್ರ ಆಡುವ ಲಕೋಟ ಭಾಷೆ ಪೂರ್ತಿ ಪರಕೀಯ. ಡೋರಿಸ್ ಲೀಡರ್ ಚಾರ್ಜ್ ಎಂಬ ಶಿಕ್ಷಕಿಯ ನೆರವಿನಿಂದ ಸಂಭಾಷಣೆ ಕಲಿತು ಹೇಳಿದ್ದು. ಕೆವಿನ್ ಕಾಸ್ಟ್ನರ್‌ನ ಸೈನಿಕ ಕಾಡೆಮ್ಮೆಗಳ ಬಗ್ಗೆ ಕೇಳಲು ಮಾತು ಸಾಲದೆ, ಬೆನ್ನಿಗೆ ಡುಬ್ಬ ಕಟ್ಟಿಕೊಂಡು ತಲೆಗೆ ಬೆರಳಿನ ಕೊಂಬು ಮಾಡಿಕೊಂಡು ನೆಲ ಕೆರೆಯುತ್ತಾನೆ. ಪಕ್ಕದಲ್ಲಿದ್ದ ಯೋಧ ಇವನಿಗೆ ತಲೆ ಕೆಟ್ಟಿದೆ ಎನ್ನುತ್ತಾನೆ. ಗ್ರೀನ್ ಮಾತ್ರ ಮುಖ ಬಿಗಿದು ನೋಡುತ್ತ ಕೂರುತ್ತಾರೆ. ಈ ಹುಚ್ಚಾಟದಲ್ಲಿ ಏನೋ ಅರ್ಥವಿದೆ, ಅದನ್ನು ಹಿಡಿಯುವುದು ತನ್ನ ಹೊಣೆ ಎಂಬ ಪಂಡಿತನ ಶ್ರದ್ಧೆ ಆ ಮುಖದಲ್ಲಿದೆ. ‘ತಟಾಂಕ’ ಎಂಬ ಒಂದೇ ಪದ ಬಾಯಿಂದ ಬಿದ್ದಾಗ ನಮಗೆ ನಗುವೂ ಬರುತ್ತದೆ, ಎರಡು ಲೋಕಗಳ ನಡುವೆ ಮೊದಲ ಪದ ದಾಟಿದ ರೋಮಾಂಚನವೂ ಆಗುತ್ತದೆ. ಮುಂದೆ ಸೈನಿಕನಿಗೂ ತನ್ನ ಆಶ್ರಯದಲ್ಲಿದ್ದ ಹೆಣ್ಣಿಗೂ ಪ್ರೀತಿ ಹುಟ್ಟಿರುವುದು ಈ ಪಂಡಿತನಿಗೆ ತಿಳಿಯುವುದು ಹೆಂಡತಿ ಹೇಳಿದಾಗ. ಆ ಹೆಂಡತಿ ಟ್ಯಾಂಟೂ ಕಾರ್ಡಿನಲ್. ಗಂಡನ ಜಾಣತನದ ಮಿತಿ ಬಲ್ಲ ಹೆಂಗಸಿನ ತಾಳ್ಮೆ ಆಕೆಯ ಕಣ್ಣಲ್ಲಿದೆ. ಚಿತ್ರ ಏಳು ಆಸ್ಕರ್ ಗೆದ್ದಿತು. ಗ್ರೀನ್‌ಗೆ ಸಿಕ್ಕಿದ್ದು ಪೋಷಕ ನಟನ ನಾಮನಿರ್ದೇಶನ.

ಕಥೆ ಮಾತ್ರ ಬಿಳಿಯ ಸೈನಿಕನದು. ನನ್ನ ಕೋಪ ಇರುವುದು ಇಲ್ಲಿ. ‘ಥಂಡರ್‌ಹಾರ್ಟ್’ನಲ್ಲಿ (1992) ಗ್ರೀನ್ ಬುಡಕಟ್ಟಿನ ಪೊಲೀಸ್ ಅಧಿಕಾರಿ, ಕಥೆ ವಾಲ್ ಕಿಲ್ಮರ್‌ನ ಎಫ್‌ಬಿಐ ಏಜೆಂಟನದು. ಕಾಲು ಶತಮಾನ ಕಳೆದು ‘ವಿಂಡ್ ರಿವರ್’ನಲ್ಲಿ (2017) ಅವರು ಮತ್ತೆ ಬುಡಕಟ್ಟಿನ ಪೊಲೀಸ್ ಮುಖ್ಯಸ್ಥ, ಕಥೆ ಮತ್ತೆ ಇಬ್ಬರು ಬಿಳಿಯರದು. ಎರಡರಲ್ಲೂ ಅವರ ಒಣ ಹಾಸ್ಯವಿಲ್ಲದಿದ್ದರೆ ಚಿತ್ರ ಉಸಿರಾಡುತ್ತಿರಲಿಲ್ಲ. ‘ದಿ ಗ್ರೀನ್ ಮೈಲ್’ನಲ್ಲಿ (1999) ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಮರಣದಂಡನೆಗೆ ಮುನ್ನ ತಲೆ ಬೋಳಿಸಿಕೊಳ್ಳುತ್ತ, ಪಶ್ಚಾತ್ತಾಪ ಪಟ್ಟವನಿಗೆ ತನ್ನ ಅತ್ಯಂತ ಸುಖದ ಕಾಲಕ್ಕೆ ಮರಳುವ ಭಾಗ್ಯವಿದೆಯೇ ಎಂದು ಕೇಳುವ ಕೈದಿ. ಆ ಕೆಲವು ನಿಮಿಷ ಮೂರು ಗಂಟೆಯ ಚಿತ್ರದಲ್ಲಿ ಕರಗಿಹೋಗುವುದಿಲ್ಲ.

ಅವರ ಅತ್ಯುತ್ತಮ ಚಿತ್ರ ಯಾವುದೆಂದು ಕೇಳಿದರೆ ನಾನು ಹೇಳುವುದು ಕಡಿಮೆ ಜನ ನೋಡಿದ ‘ಕ್ಲಿಯರ್‌ಕಟ್’ (1991). ಪೋಲೆಂಡಿನ ರೈಶಾರ್ಡ್ ಬುಗಾಯ್ಸ್ಕಿ ನಿರ್ದೇಶನದ ಕೆನಡಾ ಚಿತ್ರ. ಕಾಡು ಕಡಿಯುವ ಕಂಪನಿಯ ವಿರುದ್ಧ ಬುಡಕಟ್ಟಿನ ಪರ ವಾದಿಸಿ ಸೋತ ಬಿಳಿಯ ವಕೀಲನೆದುರು ಆರ್ಥರ್ ಎಂಬವನು ಪ್ರತ್ಯಕ್ಷನಾಗುತ್ತಾನೆ. ವಕೀಲ ಸಿಟ್ಟಿನಲ್ಲಿ ಬಯಸಿದ್ದನ್ನು ಅವನು ಅಕ್ಷರಶಃ ನಡೆಸತೊಡಗುತ್ತಾನೆ. ಮಿಲ್ ಮ್ಯಾನೇಜರನನ್ನು ಕಾಡಿಗೆ ಎಳೆದೊಯ್ದು, ಮಿಲ್ಲಿನಲ್ಲಿ ಮರದ ದಿಮ್ಮಿಯ ತೊಗಟೆ ಸುಲಿಯುವಂತೆ ಅವನ ಕಾಲಿನ ಚರ್ಮ ಸುಲಿಯುತ್ತಾನೆ. ಕಿಕ್ಕಿಂಗ್ ಬರ್ಡ್‌ನ ಅದೇ ನಿಧಾನ, ಅದೇ ಅರೆಮುಚ್ಚಿದ ಕಣ್ಣು, ಅದೇ ತಮಾಷೆಯ ದನಿ ಇಲ್ಲಿ ಮೈ ನಡುಗಿಸುತ್ತವೆ. ಅವನು ಮನುಷ್ಯನೋ ನಾನಬುಷನ ರೂಪವೋ ಎಂಬುದನ್ನು ಗ್ರೀನ್ ಕೊನೆಯವರೆಗೂ ತೀರ್ಮಾನಕ್ಕೆ ಬಿಡುವುದಿಲ್ಲ. ಗಾಂಭೀರ್ಯವನ್ನು ಹೊಗಳಲು ಬಂದ ಪ್ರೇಕ್ಷಕನಿಗೆ ಇಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇಂಥ ಪಾತ್ರ ಅವರಿಗೆ ಮತ್ತೆ ಬರಲಿಲ್ಲವೆಂದೇ ಹೇಳಬೇಕು, 2002ರ ‘ಸ್ಕಿನ್ಸ್’ನ ಕುಡುಕ ಅಣ್ಣನೊಬ್ಬನನ್ನು ಬಿಟ್ಟರೆ. ನಾಟಕರಂಗ ಮಾತ್ರ ಕೈಬಿಡಲಿಲ್ಲ. 2007ರಲ್ಲಿ ಒಂಟಾರಿಯೊದ ಸ್ಟ್ರ್ಯಾಟ್‌ಫರ್ಡ್ ಉತ್ಸವದಲ್ಲಿ ಅವರು ಶೈಲಾಕ್ ಆದರು.

ಗ್ಯಾರಿ ಫಾರ್ಮರ್ ಜಾಯಮಾನ ಬೇರೆ. ದೊಡ್ಡ ದೇಹ, ಮಗುವಿನ ಕುತೂಹಲ. ಜಿಮ್ ಜಾರ್ಮುಷ್‌ರ ‘ಡೆಡ್ ಮ್ಯಾನ್’ನಲ್ಲಿ (1995) ಬಾಲ್ಯದಲ್ಲಿ ಅಪಹೃತನಾಗಿ, ಇಂಗ್ಲೆಂಡಿನಲ್ಲಿ ಪಂಜರದೊಳಗೆ ಪ್ರದರ್ಶನಗೊಂಡು, ವಿಲಿಯಂ ಬ್ಲೇಕ್‌ನನ್ನು ಓದಿ ಮರಳಿದ ‘ನೋಬಡಿ’ ಅವರು. ಆತ ಮೂಲನಿವಾಸಿ ಭಾಷೆಗಳಲ್ಲಿ ಆಡುವ ಮಾತಿಗೆ ಅಡಿಬರಹವಿಲ್ಲ. ಆ ಭಾಷೆ ಬಲ್ಲವರಿಗೆ ಮಾತ್ರ ಆ ನಗೆ. ಬಿಳಿಯ ಪ್ರೇಕ್ಷಕರು ಇಲ್ಲಿ ಹೊರಗೆ ನಿಂತರು.

ಈ ಪರಂಪರೆಯ ದೊಡ್ಡ ಕೊರತೆ ಹೆಂಗಸರ ವಿಷಯದಲ್ಲಿದೆ, ಅದನ್ನು ಹಾಲಿವುಡ್ ಮೇಲೆ ಮಾತ್ರ ಹೊರಿಸಿದರೆ ನ್ಯಾಯವಾಗದು. ‘ಡ್ರೈ ಲಿಪ್ಸ್’ನಲ್ಲಿ ಹೆಣ್ಣಿನ ಮೇಲೆ ನಡೆಯುವ ಹಿಂಸೆಯನ್ನು ಮೂಲನಿವಾಸಿ ಮಹಿಳೆಯರೇ ಕಟುವಾಗಿ ಪ್ರಶ್ನಿಸಿದ್ದರು. ಟ್ಯಾಂಟೂ ಕಾರ್ಡಿನಲ್ 1986ರ ‘ಲಾಯಲ್ಟೀಸ್’ನಲ್ಲಿ ಪ್ರಧಾನ ಪಾತ್ರಗಳಲ್ಲೊಂದರಲ್ಲಿ ಮಿಂಚಿದ ನಂತರ ಹೆಂಡತಿ, ತಾಯಿ, ಅಜ್ಜಿಯಾಗಿ ದಶಕಗಳನ್ನು ಕಳೆದರು. ಇಡೀ ಚಿತ್ರ ತನ್ನ ಹೆಗಲ ಮೇಲೆ ನಿಲ್ಲುವ ‘ಫಾಲ್ಸ್ ಅರೌಂಡ್ ಹರ್’ ಬಂದಾಗ ಅವರಿಗೆ 68 ವರ್ಷ.

ಉತ್ತರದ ಇನ್ಯೂಟರು ಹಾಲಿವುಡ್ಡಿನ ಹಂಗನ್ನೇ ಬಿಟ್ಟರು. ಇಗ್ಲೂಲಿಕ್‌ನ ಜಕರಾಯಸ್ ಕುನುಕ್ ಇನುಕ್ಟಿಟುಟ್ ಭಾಷೆಯಲ್ಲಿ ಮಾಡಿದ ‘ಅಟನಾರ್ಜುವಾಟ್’ 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕ್ಯಾಮೆರಾ ದೋರ್ ಗೆದ್ದಿತು. ಹಿಮದ ಮೇಲೆ ಬತ್ತಲೆ ಓಡುವ ಅದರ ನಾಯಕ ನಟರ್ ಉಂಗಾಲಾಕ್ ಯಾರಿಗೂ ತನ್ನನ್ನು ವಿವರಿಸಬೇಕಿರಲಿಲ್ಲ. ವಿವೇಕಿಯಾಗಿರಬೇಕಾದ ಒತ್ತಡವಿರಲಿಲ್ಲ.

2021ರಲ್ಲಿ ಶುರುವಾದ ‘ರಿಸರ್ವೇಶನ್ ಡಾಗ್ಸ್’ ಸರಣಿ ಒಕ್ಲಹೋಮದ ಕಥೆ, ಆದರೂ ನಾಲ್ವರು ಮುಖ್ಯ ಹದಿಹರೆಯದವರಲ್ಲಿ ಮೂವರನ್ನು ಆಡಿದವರು ಕೆನಡಾದ ಡೆವರಿ ಜೇಕಬ್ಸ್, ಡಿಫೆರೊ ವೂನ್-ಅ-ಟೈ, ಪಾಲಿನಾ ಅಲೆಕ್ಸಿಸ್. ಅದರಲ್ಲಿ ಒಬ್ಬ ಪೂರ್ವಜ ಪ್ರೇತ ಬರುತ್ತಾನೆ. ಲಿಟ್ಲ್ ಬಿಗ್‌ಹಾರ್ನ್ ಯುದ್ಧಕ್ಕೆ ಹೊರಟಾಗ ಕುದುರೆ ಬಿಲಕ್ಕೆ ಕಾಲಿಟ್ಟು ಮುಗ್ಗರಿಸಿ, ಅದರಡಿ ಸಿಕ್ಕು ಸತ್ತವನು ಈತ. ಅವನು ಕೊಡುವ ಉಪದೇಶಕ್ಕೆ ಆ ನಾಲ್ವರಲ್ಲೊಬ್ಬ ಹುಡುಗ ಬೇಸತ್ತು ಹೋಗಿದ್ದಾನೆ. ಡ್ಯಾನ್ ಜಾರ್ಜ್ ಒಬ್ಬ ಬಿಳಿಯ ನಿರ್ದೇಶಕನ ಚಿತ್ರದೊಳಗೆ ರೆಪ್ಪೆ ಅದುರಿಸಿ ಸಾಧಿಸಿದ್ದನ್ನು ಇಲ್ಲಿ ಬರವಣಿಗೆಯೇ ಬಯಲಾಗಿ ಮಾಡುತ್ತದೆ. ಫಾರ್ಮರ್ ಅಲ್ಲಿ ಚಿಕ್ಕಪ್ಪನಾಗಿ ಬಂದರು, ಕೊನೆಯ ಸೀಸನ್ನಿನಲ್ಲಿ ಗ್ರೀನ್ ಬಂದರು. ಜೇಕಬ್ಸ್ ಎರಡನೇ ಸೀಸನ್ನಿನಿಂದ ಬರೆಯುವ ತಂಡಕ್ಕೂ ಸೇರಿದರು.

ಆದರೆ ಅದು ಅಮೆರಿಕದ ಸರಣಿ. ಕೆನಡಾ ತನ್ನ ನೆಲದಲ್ಲಿ, ತನ್ನ ಹಣವೂ ಸೇರಿ, ಮೂಲನಿವಾಸಿ ಹೆಣ್ಣೊಬ್ಬಳನ್ನು ನಗೆಯ ಕೇಂದ್ರದಲ್ಲಿಟ್ಟ ‘ನಾರ್ತ್ ಆಫ್ ನಾರ್ತ್’ ಬಂದದ್ದು 2025ರ ಜನವರಿಯಲ್ಲಿ. ಆರ್ಕ್ಟಿಕ್‌ನ ಒಂದು ಸಣ್ಣ ಊರು. ಮದುವೆ ಬಿಟ್ಟು ಹೊರಬಂದು, ಕೆಲಸ ಹುಡುಕುತ್ತ, ಎಡವುತ್ತ, ತಪ್ಪು ಮಾಡುತ್ತ ಓಡಾಡುವ ಸಿಯಾಜಾ ಎಂಬ ಯುವತಿಯಾಗಿ ಅನಾ ಲ್ಯಾಂಬ್. ಬರೆದು ಕಟ್ಟಿದವರು ಸ್ಟೇಸಿ ಅಗ್ಲೊಕ್ ಮ್ಯಾಕ್‌ಡೊನಾಲ್ಡ್ ಮತ್ತು ಅಲೆತಿಯ ಅರ್ನಾಕುಕ್-ಬರೀಲ್ ಎಂಬ ಇಬ್ಬರು ಇನ್ಯೂಟ್ ಹೆಂಗಸರು. ಸಿಯಾಜಾಗೆ ಗಾಂಭೀರ್ಯವಿಲ್ಲ, ಅವಳಿಂದ ಅದನ್ನು ಯಾರೂ ಕೇಳುವುದೂ ಇಲ್ಲ.