ಉಳಿದ ತುಂಡುಗಳ ಟ್ಯಾಂಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆ ಟ್ಯಾಂಕು ಎಂದರೆ ನೀರಿನ ಟ್ಯಾಂಕು. ಯುದ್ಧದ ಟ್ಯಾಂಕನ್ನು ನಮ್ಮ ಜನ ಕಂಡಿರುವುದು ಜನವರಿ 26ರ ದಿನ ಟಿ.ವಿ.ಯಲ್ಲಿ ಮಾತ್ರ. ಹಾಗಾಗಿ ಕೊಟ್ಟೂರಿನ ಒಂದು ಮೊಬೈಲ್ ರಿಪೇರಿ ಅಂಗಡಿಯ ಗಾಜಿನ ಕೌಂಟರಿನೊಳಗೆ, ಚಾರ್ಜರು, ಬ್ಯಾಕ್ ಕವರುಗಳ ಪಕ್ಕದಲ್ಲಿ, ಒಂದು ಪ್ಯಾಟನ್ ಟ್ಯಾಂಕು ಮತ್ತು ಅದಕ್ಕೆ ಎದುರಾಗಿ ಒಂದು ಜೀಪು ನಿಂತಿರುವುದನ್ನು ಕಂಡವರು ಅದನ್ನು ಮಾರಾಟದ ಆಟಿಕೆ ಎಂದುಕೊಂಡು ಬೆಲೆ ಕೇಳುತ್ತಾರೆ. ಅಂಗಡಿ ನಮ್ಮ ತಂಗಿಯ ಮಗನದು. ಸಂಬಂಧಿಕರ ಕೃತಿಯನ್ನು ವಿಮರ್ಶಿಸಬಾರದು ಎಂಬ ಮಾತು ಸಾಹಿತಿಗಳಲ್ಲಿ ಇದೆ. ಅದನ್ನು ಯಾರೂ ಪಾಲಿಸಿದ್ದು ನಾವು ಕಂಡಿಲ್ಲವಾದ್ದರಿಂದ ಮುಂದುವರಿಯುತ್ತೇವೆ.

ಈ ಹವ್ಯಾಸದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಟ್ಯಾಂಕಿನ ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಎರಕವಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಹೆಚ್ಚು ಚಾಲ್ತಿಯಲ್ಲಿರುವ ಅಳತೆ 1/35, ಅಂದರೆ ಅಸಲಿನ ಮೂವತ್ತೈದರಲ್ಲಿ ಒಂದು ಪಾಲು. ಈ ವಿಚಿತ್ರ ಸಂಖ್ಯೆಗೆ ಯಾವ ಶಾಸ್ತ್ರವೂ ಇಲ್ಲ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ ಅದರೊಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಿತ್ತು. ಬ್ಯಾಟರಿಗೆ ತಕ್ಕಂತೆ ಟ್ಯಾಂಕಿನ ಗಾತ್ರ ನಿಂತಿತು, ಆಮೇಲೆ ಜಗತ್ತೆಲ್ಲ ಅದನ್ನೇ ಹಿಡಿಯಿತು. ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಬಗೆಯ ಟ್ಯಾಂಕಿಗೆ ಬೇಕಾದ ತುಂಡುಗಳಿರುವುದರಿಂದ ಕಟ್ಟಿ ಮುಗಿದ ಮೇಲೂ ಹಲವು ತುಂಡು ಉಳಿಯುತ್ತವೆ. ಕಸುಬು ಬಲ್ಲವರು ಅವನ್ನು ಎಸೆಯುವುದಿಲ್ಲ, ಒಂದು ಡಬ್ಬಿಯಲ್ಲಿ ಕೂಡಿಡುತ್ತಾರೆ. 1977ರ 'ಸ್ಟಾರ್ ವಾರ್ಸ್' ಸಿನಿಮಾದ ಆಕಾಶನೌಕೆಗಳ ಮೈಮೇಲಿನ ಗಿಜಿಗಿಜಿ ಯಂತ್ರಗಳಲ್ಲಿ ಬಹಳಷ್ಟು ಇಂಥ ಟ್ಯಾಂಕು, ಕಾರು ಕಿಟ್‌ಗಳ ತುಂಡುಗಳೇ.

ನಮ್ಮ ಹುಡುಗನ ಡಬ್ಬಿ ಬಿಸ್ಕತ್ತಿನದು. ಬಹರೇನಿನಲ್ಲಿ ಕೆಲಸ ಮಾಡುವ ಅವನ ಚಿಕ್ಕಪ್ಪ ರಜೆಗೆ ಬರುವಾಗ ತಂದುಕೊಟ್ಟ ನಾಲ್ಕೈದು ಕಿಟ್‌ಗಳ ಉಳಿಕೆ, ಜೊತೆಗೆ ಹಾಳಾದ ಮೊಬೈಲುಗಳ ಸ್ಕ್ರೂ, ಸ್ಪೀಕರಿನ ಜಾಲರಿ, ತಾಮ್ರದ ಎಳೆ. ಅವನ ಅಜ್ಜಿ, ಅಂದರೆ ನಮ್ಮ ಅಮ್ಮ, ಹಳೆಯ ಸೀರೆ, ಲುಂಗಿ, ಅಂಗಿಯ ತುಂಡು ಕೂಡಿಟ್ಟು ಕೌದಿ ಹೊಲಿಯುತ್ತಿದ್ದ ಗಂಟು ನೆನಪಾಯಿತು. ಕೌದಿಯಲ್ಲಿ ಯಾವ ತುಂಡು ಯಾರ ಅಂಗಿಯದೆಂದು ಮನೆಯವರಿಗೆ ಗೊತ್ತಿರುತ್ತದೆ, ಹೊದ್ದು ಮಲಗುವ ಅತಿಥಿಗೆ ಗೊತ್ತಿರುವುದಿಲ್ಲ. ಈ ಕಲೆಯ ಮಜಾ ಇರುವುದೂ ಅಲ್ಲಿಯೇ.

ಇದನ್ನು ಮಕ್ಕಳಾಟ ಎನ್ನುವವರು ಸೈನ್ಯ ಏನು ಮಾಡುತ್ತದೆಂದು ನೋಡಬೇಕು. ರಷ್ಯಾದಿಂದ ಬಂದ ಟಿ-55 ಟ್ಯಾಂಕುಗಳ 100 ಮಿಲಿಮೀಟರ್ ತೋಪನ್ನು ತೆಗೆದು ಬ್ರಿಟಿಷ್ ಮೂಲದ 105 ಮಿಲಿಮೀಟರ್ ತೋಪನ್ನು ನಮ್ಮ ಸೈನ್ಯ ಕೂರಿಸಿತು. ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕಿನ ತಲೆ ತೆಗೆದು, ಅದರ ಒಡಲಿನ ಮೇಲೆ ರಷ್ಯಾದ 130 ಮಿಲಿಮೀಟರ್ ತೋಪು ಹೊರಿಸಿ 'ಕೆಟಪಲ್ಟ್' ಎಂದು ಹೆಸರಿಟ್ಟಿತು. ಅದೇ ಒಡಲಿನ ಮೇಲೆ ಸೇತುವೆ ಹೊರಿಸಿದರೆ 'ಕಾರ್ತಿಕ್' ಆಯಿತು. ಭಾರತದ ಟಿ-55 ಮಾಡಬೇಕೆನ್ನುವವನು ಟಿ-55ರ ಕಿಟ್‌ಗೆ ಬೇರೊಂದು ಕಿಟ್‌ನ ಉಳಿಕೆ ಕೊಳವೆ ಅಂಟಿಸಿದರೆ ಸೈನ್ಯ ಮಾಡಿದ್ದನ್ನೇ ಮಾಡಿದಂತೆ. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಅಂಟಿಸಿ, ಮತ್ತೆ ಬಳ್ಳಾರಿಗೆ ತಂದು, 2021ರಲ್ಲಿ ವಿಜಯನಗರಕ್ಕೆ ಕೂರಿಸಿದ್ದನ್ನು ಕಂಡ ನಮಗೆ ಇದೇನೂ ಹೊಸದಲ್ಲ.

ಈಗ ಕೌಂಟರಿನೊಳಗಿನ ದೃಶ್ಯಕ್ಕೆ ಬರೋಣ. ಇದು 1965ರ ಸೆಪ್ಟೆಂಬರ್, ಪಂಜಾಬಿನ ಖೇಮ್‌ಕರಣ್ ಬಳಿಯ ಚೀಮಾ ಗ್ರಾಮ. ಜೀಪಿನ ಮೇಲೆ ಇರುವವರು 4ನೇ ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮೂಪುರದ ಒಬ್ಬ ದರ್ಜಿಯ ಮಗ. ಜೀಪಿಗೆ ಕೂರಿಸಿದ 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್ನಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು, ಸೆಪ್ಟೆಂಬರ್ 10ರಂದು ಅಲ್ಲಿಯೇ ಪ್ರಾಣ ಬಿಟ್ಟವರು. ಮರಣೋತ್ತರ ಪರಮವೀರ ಚಕ್ರ ಪಡೆದವರು. ಉರ್ದು ಶಾಲೆಯಲ್ಲಿ ಓದಿದ ನಮಗೆ ಅವರ ಪಾಠವನ್ನು ಮಾಸ್ತರರು ಎದ್ದು ನಿಂತು ಓದಿಸುತ್ತಿದ್ದರು.

ಹುಡುಗನ ಕೈಯಲ್ಲಿದ್ದ ಕಿಟ್ ಪ್ಯಾಟನ್ನಿನ ಎಂ-48ಎ3, ಅಮೆರಿಕನ್ನರು ವಿಯೆಟ್ನಾಮಿನಲ್ಲಿ ಬಳಸಿದ ಡೀಸೆಲ್ ಮಾದರಿ. ಪಾಕಿಸ್ತಾನದ ಬಳಿ ಇದ್ದದ್ದು ಅದಕ್ಕಿಂತ ಹಳೆಯ ಪೆಟ್ರೋಲ್ ಮಾದರಿ. ಹೀಗಾಗಿ ಮಡ್‌ಗಾರ್ಡಿನ ಮೇಲಿನ ಗಾಳಿ ಸೋಸುವ ಡಬ್ಬಿಗಳನ್ನು ಕೊಯ್ದು ತೆಗೆದು, ಹಿಂಬದಿಯ ಎಂಜಿನ್ ಮುಚ್ಚಳಕ್ಕೆ ಸ್ಪೀಕರ್ ಜಾಲರಿ ಹೊಂದಿಸಿ, ಸಂದುಗಳಿಗೆ ಎಂ-ಸೀಲ್ ತುಂಬಿದ್ದಾನೆ. ಜೀಪು ಎರಡನೇ ಮಹಾಯುದ್ಧದ ವಿಲ್ಲೀಸ್ ಕಿಟ್. ಅದರ ಬಾನೆಟ್ಟನ್ನು ಎತ್ತರಿಸಿ ನಮ್ಮ ಮಹೀಂದ್ರಾ ಜೀಪಿನ ಮುಖ ತಂದಿದ್ದಾನೆ. ಕೂಡ್ಲಿಗಿ ರಸ್ತೆಯಲ್ಲಿ ಇಪ್ಪತ್ತು ಜನರನ್ನು ಹೇರಿಕೊಂಡು ಓಡುತ್ತಿದ್ದ ಅದೇ ಮುಖ, ನಮಗೆ ಗುರುತು ಹತ್ತದೆ ಇರುತ್ತದೆಯೇ? ಗನ್ನಿನ ಕೊಳವೆ ಬಾಲ್‌ಪೆನ್ನಿನ ಖಾಲಿ ರೀಫಿಲ್. 106 ಮಿಲಿಮೀಟರನ್ನು 35ರಿಂದ ಭಾಗಿಸಿದರೆ ಮೂರು ಮಿಲಿಮೀಟರ್ ಚಿಲ್ಲರೆ ಬರುತ್ತದೆ, ರೀಫಿಲ್ಲಿನ ದಪ್ಪವೂ ಸುಮಾರಾಗಿ ಅಷ್ಟೇ. ಉದ್ದ ಹತ್ತು ಸೆಂಟಿಮೀಟರಿನ ಹತ್ತಿರ, ಅಂದರೆ ಹೆಚ್ಚು ಕಡಿಮೆ ಜೀಪಿನಷ್ಟೇ. ಜೀಪು ಗನ್ನನ್ನು ಹೊತ್ತಿದೆಯೋ ಗನ್ನು ಜೀಪನ್ನು ಹೊತ್ತಿದೆಯೋ ಎನ್ನುವಂಥ ಆ ಅಸಮತೋಲ ಪುಸ್ತಕದ ಚಿತ್ರದಲ್ಲಿ ನಮಗೆ ಎಂದೂ ಕಂಡಿರಲಿಲ್ಲ, ಇಲ್ಲಿ ಕಂಡಿತು.

ಇದಕ್ಕಿಂತ ದೊಡ್ಡದು ಚಕ್ರದ ಗುರುತುಗಳು. ಈ ಬಗೆಯ ಗನ್ನು ಹಾರಿದಾಗ ಹಿಂದಿನಿಂದ ಬೆಂಕಿ, ಹೊಗೆ ಚಿಮ್ಮಿ, ಎಲ್ಲಿಂದ ಹೊಡೆದರೆಂದು ಶತ್ರುವಿಗೆ ತಿಳಿದುಬಿಡುತ್ತದೆ. ಒಂದು ಗುಂಡು ಹಾರಿಸಿ ಜಾಗ ಬದಲಿಸದಿದ್ದರೆ ಮರಣ. ಹುಡುಗ ಜೀಪಿನ ಹಿಂದೆ, ಕಬ್ಬಿನ ಮರೆಯಲ್ಲಿ, ಮೂರು ಬಿಟ್ಟುಹೋದ ತಾಣಗಳನ್ನು ತೋರಿಸಿದ್ದಾನೆ. ಪ್ರತಿಯೊಂದರ ಹಿಂದೆಯೂ ಎಲೆ ಸುಟ್ಟು ಕರಕಾಗಿದೆ. ಅಮೆರಿಕದ ಶೆಪರ್ಡ್ ಪೇನ್ 1980ರಲ್ಲಿ ಇಂಥ ದೃಶ್ಯ ಕಟ್ಟುವ ಬಗ್ಗೆ ಪುಸ್ತಕ ಬರೆದರು, ಅವರ ಕಾಳಜಿ ಅಂಟಿಗಿಂತ ಕಥೆಯ ಮೇಲೆಯೇ ಇತ್ತು. ನಾವು ಸಣ್ಣಕಥೆ ಬರೆಯುವವರು, ಈಗ ನಡೆಯುತ್ತಿರುವುದರೊಳಗೆ ಹಿಂದೆ ನಡೆದದ್ದನ್ನು ಹೊಗಿಸಲು ಪುಟಗಟ್ಟಲೆ ಒದ್ದಾಡುತ್ತೇವೆ. ಅವನು ಮೂರು ಜೊತೆ ಗೆರೆಯಲ್ಲಿ ಮುಗಿಸಿದ್ದಾನೆ.

ಹಮೀದರ ಮುಖ ಕಾಣುವುದಿಲ್ಲ. ಐದು ಸೆಂಟಿಮೀಟರಿನ ಆ ಮನುಷ್ಯ ಗನ್ನಿನ ದುರ್ಬೀನಿಗೆ ಕಣ್ಣು ಹಚ್ಚಿ ನಮಗೆ ಬೆನ್ನು ಮಾಡಿದ್ದಾನೆ. ಕಿಟ್‌ಗಳಲ್ಲಿ ಸಿಗುವುದು ಅಮೆರಿಕನ್, ಜರ್ಮನ್ ಸೈನಿಕರ ಮುಖಗಳು, ಅವಕ್ಕೆ ಮೀಸೆ ಬರೆದು ಹಮೀದ್ ಎನ್ನಲು ಮನಸ್ಸಾಗಲಿಲ್ಲ ಎಂದ. ಸರಿಯಾದ ತೀರ್ಮಾನ.

ತಪ್ಪುಗಳೂ ಇವೆ. ಎಲ್ಲ ಹವ್ಯಾಸಿಗಳಂತೆ ಇವನೂ ತುಕ್ಕನ್ನು ಮನಸೋ ಇಚ್ಛೆ ಬಳಿದಿದ್ದಾನೆ. ಯುದ್ಧಕ್ಕಿಳಿದು ಕೆಲವೇ ದಿನಗಳಾದ ಟ್ಯಾಂಕು ಗುಜರಿಯ ಟ್ರ್ಯಾಕ್ಟರಿನಂತೆ ಕಾಣಬಾರದು. ನೆಲಕ್ಕೆ ಮನೆಯ ಹಿಂದಿನ ಕೆಂಪು ಮಣ್ಣು ಜರಡಿ ಹಿಡಿದು ಹಾಕಿದ್ದಾನೆ. ಪಂಜಾಬಿನ ಮಣ್ಣು ಈ ಬಣ್ಣದ್ದಲ್ಲ. ಕಸಬರಿಗೆ ಕಡ್ಡಿಯ ಕಬ್ಬು ಎಂಟು ಸೆಂಟಿಮೀಟರ್ ಎತ್ತರ, ಲೆಕ್ಕ ಸರಿ. ಆದರೆ ನೆಲ ಒಣಗಿದೆ. ಅಸಲ್ ಉತ್ತರ್ ಕಾಳಗದಲ್ಲಿ ಹೊಲಗಳಿಗೆ ನೀರು ಬಿಟ್ಟು ಪ್ಯಾಟನ್‌ಗಳು ಕೆಸರಿನಲ್ಲಿ ಹೂತುಕೊಳ್ಳುವಂತೆ ಮಾಡಿದ್ದು ಗೆಲುವಿನ ದೊಡ್ಡ ಕಾರಣ. ಅದನ್ನು ಹೇಳಿದರೆ, "ಮಾಮು, ಟ್ಯಾಂಕಿನಲ್ಲೇ ನೀರಿಲ್ಲ, ಹೊಲಕ್ಕೆ ಎಲ್ಲಿಂದ ಬಿಡಲಿ?" ಎಂದು ನಕ್ಕ. (ಮನೆಯಲ್ಲಿ ನಾವು ದಖನಿ ಆಡುತ್ತೇವೆ, ಮಾತನ್ನು ಕನ್ನಡಕ್ಕೆ ತಂದಿದ್ದೇವೆ.)

ನಮಗೂ ಅವನಿಗೂ ಜಗಳವಾದದ್ದು ಬೇರೆ ವಿಷಯಕ್ಕೆ. ಕಿಟ್‌ನೊಂದಿಗೆ ಬಂದ ಅಮೆರಿಕದ ನಕ್ಷತ್ರವನ್ನು ಬಿಟ್ಟು, ಪ್ಯಾಟನ್ನಿನ ಪಕ್ಕೆಗೆ ಸಣ್ಣ ಕುಂಚದಲ್ಲಿ ಚಂದ್ರ-ತಾರೆ ಬರೆದಿದ್ದ. ಅಸಲಿ ಟ್ಯಾಂಕಿನಲ್ಲಿ ಅದು ಅದೇ ಜಾಗದಲ್ಲಿತ್ತು ಎಂಬುದು ಅವನ ವಾದವಲ್ಲ, ನೋಡುವವರಿಗೆ ಯಾರ ಟ್ಯಾಂಕೆಂದು ತಿಳಿಯಬೇಕು, ಅಷ್ಟೇ. ನಾವು ಅಳಿಸು ಎಂದೆವು. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿ, ಹೊರಗೆ ಬೋರ್ಡಿನಲ್ಲಿ ನಮ್ಮ ಹೆಸರು, ಒಳಗೆ ಕೌಂಟರಿನಲ್ಲಿ ಆ ಗುರುತು. ಯಾರೋ ಒಬ್ಬ ಮೊಬೈಲಿನಲ್ಲಿ ಫೋಟೊ ಹಿಡಿದು, ಜೀಪನ್ನು ಬಿಟ್ಟು ಟ್ಯಾಂಕನ್ನಷ್ಟೇ ನಾಲ್ಕು ಕಡೆ ಕಳಿಸಿದರೆ? "ಅಳಿಸಿದರೆ ಹಮೀದ್ ಸಾಹೇಬರು ಯಾರ ಟ್ಯಾಂಕ್ ಹೊಡೆದರು ಮಾಮು?" ಎಂದ. ನಮ್ಮ ಬಳಿ ಉತ್ತರವಿರಲಿಲ್ಲ, ಹೆದರಿಕೆ ಇತ್ತು. ಈ ಹೆದರಿಕೆಯನ್ನು ಇಲ್ಲಿ ಬರೆಯದೆ ಕೃತಿಯ ಗುಣದೋಷ ಎಣಿಸುವುದು ಅಪ್ರಾಮಾಣಿಕತೆ ಎನಿಸಿತು.

ಅಳಿಸುವುದು ಈ ಕಲೆಯಲ್ಲಿ ನಾವೇ ಕಂಡುಹಿಡಿದದ್ದೂ ಅಲ್ಲ. ಜರ್ಮನಿಯಲ್ಲಿ ನಾಜಿ ಚಿಹ್ನೆಯ ಮೇಲೆ ಕಾನೂನಿನ ನಿಷೇಧವಿರುವುದರಿಂದ ಯುದ್ಧವಿಮಾನದ ಕಿಟ್‌ಗಳಲ್ಲಿ ಸ್ವಸ್ತಿಕವನ್ನು ಬಿಟ್ಟಿರುತ್ತಾರೆ, ಇಲ್ಲವೇ ಎರಡು ತುಂಡು ಮಾಡಿ ಕೊಟ್ಟಿರುತ್ತಾರೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ತನ್ನ ಹಳೆಯ ಪೆಟ್ಟಿಗೆಗಳ ಚಿತ್ರದಲ್ಲಿದ್ದ ಬೆಂಕಿ, ಸ್ಫೋಟಗಳನ್ನು ಮುಂದಿನ ಮುದ್ರಣಗಳಲ್ಲಿ ತೆಗೆದುಹಾಕಿತು. ಹೀಗೆ ಕೊಲ್ಲುವ ಯಂತ್ರದ ಪ್ರತಿ ಬೋಲ್ಟನ್ನೂ ಎಣಿಸಿ ಮಾಡುವ ಈ ಲೋಕದಲ್ಲಿ ಕೊಲೆ ಮಾತ್ರ ಕಾಣಿಸುವುದಿಲ್ಲ. ಇದಕ್ಕೆ ತಿರುಗಿ ನಿಂತವರು ಬ್ರಿಟನ್ನಿನ ಚಾಪ್‌ಮನ್ ಸಹೋದರರು. ಸಾವಿರಾರು ಆಟಿಕೆ ಸೈನಿಕರನ್ನು ಕೊಯ್ದು, ಜೋಡಿಸಿ, ಒಂಬತ್ತು ಗಾಜಿನ ಪೆಟ್ಟಿಗೆಗಳನ್ನು ಸ್ವಸ್ತಿಕದ ಆಕಾರದಲ್ಲಿಟ್ಟು 2000ದ ಹೊತ್ತಿಗೆ 'ಹೆಲ್' ಎಂಬ ನರಕ ಕಟ್ಟಿದರು. 2004ರಲ್ಲಿ ಲಂಡನ್ನಿನ ಗೋದಾಮಿನ ಬೆಂಕಿಯಲ್ಲಿ ಅದು ಸುಟ್ಟುಹೋಯಿತು, 2008ರ ಹೊತ್ತಿಗೆ ಮತ್ತೆ ಕಟ್ಟಿದರು. ಅಲ್ಲಿ ಹೆಣಗಳಲ್ಲದೆ ಬೇರೇನೂ ಇಲ್ಲ. ಚಿತ್ರಗಳಲ್ಲಿ ನೋಡಿದ ನಮಗೆ ಸ್ವಲ್ಪ ಹೊತ್ತಿನಲ್ಲೇ ಹೆಣಗಳೂ ಬರೀ ಕುಸುರಿಯಾಗಿ ಕಂಡವು ಎಂಬುದನ್ನೂ ಹೇಳಬೇಕು.

ಚಂದ್ರ-ತಾರೆ ಉಳಿಯಿತು. ಅದು ಜೀಪಿನ ಕಡೆಯ ಪಕ್ಕೆಯಲ್ಲಿದೆ. ಗಿರಾಕಿ ನಿಲ್ಲುವ ಕಡೆಯಿಂದ ಕಾಣುವುದಿಲ್ಲ, ಬಗ್ಗಿ ಹಮೀದರ ಹಿಂದಿನಿಂದ ನೋಡಿದರೆ ಮಾತ್ರ ಕಾಣುತ್ತದೆ. ಇದು ಕಲೆಗಾರನ ಜಾಣತನವೋ, ನಮ್ಮೊಂದಿಗೆ ಮಾಡಿಕೊಂಡ ರಾಜಿಯೋ ಕೇಳಲಿಲ್ಲ.

ಕೊನೆಯ ಆಕ್ಷೇಪವನ್ನು ಮಾತ್ರ ಎತ್ತಿದೆವು. ಪ್ಯಾಟನ್ನಿನ ತಗಡಿನಲ್ಲಿ ಗುಂಡು ಹೊಕ್ಕ ತೂತಿದೆ, ಹೊಗೆಗೆ ಹತ್ತಿ ಇದೆ, ಆದರೆ ಮುಚ್ಚಳಗಳೆಲ್ಲ ಮುಚ್ಚಿವೆ. ಒಂದು ಪ್ಯಾಟನ್ನಿನಲ್ಲಿ ನಾಲ್ಕು ಜನ ಇರುತ್ತಾರೆ, ಅವರೆಲ್ಲಿ ಎಂದು ಕೇಳಿದೆವು. ಒಂದು ಫೋನಿನ ಡಿಸ್ಪ್ಲೇ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ಒಳಗೇ ಇದಾರೆ ಮಾಮು. ಮೇಲಿನ ಭಾಗ ಅಂಟಿಸೋ ಮುಂಚೆ ನಾಲ್ಕೂ ಜನರನ್ನ ಕೂರಿಸಿದೀನಿ. ಡಬ್ಬೀಲಿ ಉಳಿದಿದ್ದರು."