ಗುಜರಿಗೆ ಹೋಗುವ ಸಾಕ್ಷಿ

ಒಂದೇ ಗಾಡಿಯಲ್ಲಿ ಮುಂದಿನ ಶಾಫ್ಟ್ ಎರಡನೇ ಸಲ ಮುರಿದರೆ, ತಪ್ಪು ಶಾಫ್ಟಿನದಲ್ಲ ಎಂದುಕೊಂಡೇ ಕೆಲಸ ಶುರುಮಾಡಬೇಕು. ನಮ್ಮ ಬಹುಪಾಲು ಗ್ಯಾರೇಜುಗಳ ರೂಢಿ ಇದಕ್ಕೆ ತದ್ವಿರುದ್ಧ. ಫೋರ್ ವೀಲ್ ಪಿಕಪ್ಪಿನ ಅಡಿಗೆ ನುಸುಳಿ ಮುರಿದದ್ದನ್ನು ಬಿಚ್ಚುತ್ತಾರೆ, ಅಂಗಡಿಯಿಂದ ಹೊಸದು ತಂದು ಕೂರಿಸುತ್ತಾರೆ, ಹಳೆಯದನ್ನು ಗುಜರಿ ರಾಶಿಗೆ ಎಸೆಯುತ್ತಾರೆ. ಯಾಕೆ ಮುರಿಯಿತು ಎಂದು ಹೇಳಬಲ್ಲ ಮುಖ್ಯ ಸಾಕ್ಷಿ ಹಾಗೆ ಕೈಬಿಟ್ಟು ಹೋಗುತ್ತದೆ. ಈ ರೂಢಿಯ ಬಗ್ಗೆ ನನಗೆ ಗಂಭೀರ ತಕರಾರಿದೆ.

ಗೋವಾದ ಮಡಗಾಂವಿನ ಮೋತಿ ಡೊಂಗರ್ ಗುಡ್ಡದಲ್ಲಿ ಕರ್ನಾಟಕದಿಂದ ದುಡಿಯಲು ಹೋದ ಅನೇಕ ಕುಟುಂಬಗಳು ನೆಲೆಸಿವೆ. ಕಟ್ಟಡದ ಕೆಲಸದಲ್ಲಿ, ಲಾರಿಯ ಮೇಲೆ, ಗ್ಯಾರೇಜಿನ ಪಿಟ್ಟಿನಲ್ಲಿ ಗೋವಾದುದ್ದಕ್ಕೂ ಕನ್ನಡ ಕಿವಿಗೆ ಬೀಳುತ್ತದೆ. ಇಂಥ ಗುಡ್ಡದ ಓಣಿಗೆ ಸಿಮೆಂಟು ಏರಿಸುವ ಪಿಕಪ್ಪನ್ನು ನೆನೆಯಿರಿ. ಕಡಿದಾದ ಕಾಂಕ್ರೀಟು ಏರು, ಅದರ ತುದಿಯಲ್ಲೊಂದು ಬಿಗಿ ತಿರುವು. ಹಿಂದಿನ ಚಕ್ರ ಜಾರಿತೆಂದು ಚಾಲಕ ಫೋರ್ ವೀಲ್ ಹಾಕುತ್ತಾನೆ. ತಿರುವು ಬಂದರೂ ತೆಗೆಯುವುದಿಲ್ಲ.

ಅಪಾಯ ಶುರುವಾಗುವುದು ಅಲ್ಲಿ. ಹೆಚ್ಚಿನ ಪಿಕಪ್‌ಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಚಕ್ರಗಳು ಕ್ರಮಿಸುವ ದೂರ ಮಾತ್ರ ಒಂದೇ ಅಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿದೆ, ಮುಂದಿನ ಆಕ್ಸಲ್ಲಿನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಎಂದುಕೊಳ್ಳಿ. ಆಗ ಹಿಂದಿನದು ತಿರುಗುವುದು ಸುಮಾರು 5.2 ಮೀಟರ್ ತ್ರಿಜ್ಯದಲ್ಲಿ. ಕಾಲು ಸುತ್ತಿನಷ್ಟು ತಿರುಗುವುದರೊಳಗೆ ಮುಂದಿನ ಚಕ್ರಗಳು ಸರಾಸರಿ 9.4 ಮೀಟರ್ ಹೋಗಬೇಕು, ಹಿಂದಿನವು 8.2. ಈ ಒಂದು ಮೀಟರಿಗೂ ಮಿಕ್ಕ ವ್ಯತ್ಯಾಸ ಎಲ್ಲೋ ತೀರಲೇಬೇಕು. ಕೆಸರಿನಲ್ಲಿ ಟೈರು ಜಾರಿ ತೀರಿಸುತ್ತದೆ. ಒಣ ಕಾಂಕ್ರೀಟು ಜಾರಗೊಡುವುದಿಲ್ಲ, ಹಾಗಾಗಿ ಶಾಫ್ಟು ತಿರುಚಿಕೊಳ್ಳುತ್ತದೆ. ಸ್ಟೀರಿಂಗ್ ಗಡುಸಾಗುವುದು, ಲಿವರ್ ಎಳೆದರೂ ಫೋರ್ ವೀಲ್ ಬಿಡದಿರುವುದು, ಸ್ವಲ್ಪ ರಿವರ್ಸ್ ಬಂದೊಡನೆ ಬಿಡುವುದು, ಎಲ್ಲವೂ ಈ ತಿರುಚಿನ ಲಕ್ಷಣಗಳೇ. ಮಳೆಗಾಲದ ಕೆಸರೇ ಶಾಫ್ಟಿನ ಶತ್ರು ಎಂಬ ನಂಬಿಕೆ ಅರ್ಧ ಸತ್ಯ. ಈ ಒಂದು ವಿಷಯದಲ್ಲಿ ಕೆಸರು ಶಾಫ್ಟನ್ನು ಉಳಿಸುತ್ತದೆ.

ಆ ನಂಬಿಕೆಯಲ್ಲಿ ನಿಜವಾದ ಅರ್ಧವೂ ಇದೆ. ಗೋವಾದ ಕುಳೆಂನಿಂದ ದೂಧ್‌ಸಾಗರ ಜಲಪಾತಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳು ಹೊಳೆಗೆ ಇಳಿದೇ ದಾಟಬೇಕು. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣನೆಯ ನೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ. ಒಳಗೆ ಗಾಳಿಯಾಡಿಸುವ ಬ್ರೀದರ್ ಪೈಪಿಗೆ ಮಣ್ಣು ಕಟ್ಟಿದ್ದರೆ ಸೀಲಿನ ಅಂಚಿನಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಯಿಂಟಿನ ರಬ್ಬರ್ ಬೂಟಿನಲ್ಲಿ ಬೆರಳುಗುರಿನಷ್ಟು ಸೀಳಿದ್ದರೂ ಸಾಕು, ಗ್ರೀಸು ಚಕ್ರದ ಒಳಮೈಗೆ ಸಿಡಿದುಹೋಗಿ ಅದರ ಜಾಗಕ್ಕೆ ಕೆಂಪು ಜಂಬಿಟ್ಟಿಗೆ ಮಣ್ಣು ಸೇರುತ್ತದೆ. ಹೀಗೆ ಹೊಕ್ಕ ನೀರು ತಿಂಗಳುಗಟ್ಟಲೆ ತೆಪ್ಪಗಿದ್ದು ಆಮೇಲೆ ಸದ್ದು ಮಾಡಬಹುದು. ಆ ಹೊತ್ತಿಗೆ ಹೊಳೆ ದಾಟಿದ್ದು ಯಾರಿಗೂ ನೆನಪಿರುವುದಿಲ್ಲ.

ಹಾಗಾದರೆ ತಿರುಚಿ ಮುರಿದದ್ದೋ, ಗ್ರೀಸಿಲ್ಲದೆ ಸವೆದು ಮುರಿದದ್ದೋ? ಮುರಿದ ತುಂಡನ್ನು ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ ಅದೇ ಹೇಳುತ್ತದೆ. ಶಾಫ್ಟಿನ ತುದಿಯ ಸ್ಪ್ಲೈನಿನ ಹಲ್ಲುಗಳು ಹಿಂಡಿದ ಬಟ್ಟೆಯಂತೆ ಒಂದೇ ದಿಕ್ಕಿಗೆ ಓರೆಯಾಗಿದ್ದರೆ ತಾಳಲಾರದ ತಿರುಚು ಬಲ ಬಿದ್ದಿದೆ. ಮುರಿದ ಮುಖದ ಒಂದು ಪಾಲು ನಯವಾಗಿದ್ದು, ಅದರ ಮೇಲೆ ಒಂದರ ಹಿಂದೊಂದು ಬಾಗಿದ ಗೆರೆಗಳಿದ್ದು, ಉಳಿದ ಪಾಲು ಒರಟಾಗಿದ್ದರೆ, ಬಿರುಕು ಬಹಳ ಕಾಲದಿಂದ ಬೆಳೆಯುತ್ತ ಬಂದಿತ್ತು. ಆ ನಯವಾದ ಭಾಗದಲ್ಲಿ ತುಕ್ಕಿದ್ದರಂತೂ ಅನುಮಾನವೇ ಬೇಡ. ಲೋಹ ನೀಲಿಗಟ್ಟಿದ್ದರೆ ಗ್ರೀಸಿಲ್ಲದೆ ಸುಟ್ಟಿದೆ. ಕ್ರಾಸ್ ಜಾಯಿಂಟಿನ ಕಾಲುಗಳ ಮೇಲೆ ಸೂಜಿ ಬೇರಿಂಗಿನ ಅಚ್ಚು ಸಾಲಾಗಿ ಒತ್ತಿದ್ದರೆ ಬಡಿತ ಬಿದ್ದಿದೆ, ಇಲ್ಲವೇ ಜಾಯಿಂಟು ಆಡದೆ ಒಂದೇ ಜಾಗದಲ್ಲಿ ನಡುಗಿದೆ. ಇದನ್ನೆಲ್ಲ ಓದಲು ಪ್ರಯೋಗಾಲಯ ಬೇಕಿಲ್ಲ. ಕಣ್ಣು, ಹಗಲು, ತುಂಡನ್ನು ಎಸೆಯದಿರುವ ಮನಸ್ಸು ಇದ್ದರೆ ಆಯಿತು.

ನಮ್ಮ ಮೇಸ್ತ್ರಿಗಳ ಕಿವಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕ್ ಟಕ್ ಅಂದರೆ ಹೊರ ಜಾಯಿಂಟು, ಕ್ಲಚ್ ಬಿಟ್ಟೊಡನೆ ಢಕ್ ಅಂದರೆ ಕ್ರಾಸು ಇಲ್ಲವೇ ಸ್ಪ್ಲೈನು, ವೇಗದ ಜೊತೆ ಏರುವ ನಡುಕವಾದರೆ ಪ್ರೊಪೆಲ್ಲರ್ ಶಾಫ್ಟು ಎಂದು ಗಾಡಿಯಿಂದ ಇಳಿಯುವ ಮೊದಲೇ ಹೇಳಿಬಿಡುತ್ತಾರೆ. ಆದರೆ ಕಿವಿ ಹೇಳುವುದು ಯಾವುದು ಹೋಗಿದೆ ಎಂದಷ್ಟೇ. ಯಾಕೆ ಹೋಯಿತು ಎಂಬುದಕ್ಕೆ ಮುರಿದ ತುಂಡಿನ ಜೊತೆ ಅಳತೆಯೂ ಬೇಕು. ಅಳೆಯುವ ಪಾಠ ಈ ವಿದ್ಯೆಯಲ್ಲಿ ಸೊರಗಿದೆ.

ಕೋನದ ವಿಷಯವನ್ನೇ ನೋಡಿ. ಕ್ರಾಸ್ ಜಾಯಿಂಟು ಬಾಗಿ ತಿರುಗುವಾಗ ಅದರಾಚೆಯ ಶಾಫ್ಟಿನ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. 10 ಡಿಗ್ರಿ ಬಾಗಿದ್ದರೆ ಏರಿಳಿತ ಆಚೀಚೆ ಶೇ. 1.5 ಮಾತ್ರ. 30 ಡಿಗ್ರಿಗೆ ಅದು ಶೇ. 13ರಷ್ಟು ಇಳಿದು ಶೇ. 15ರಷ್ಟು ಏರುತ್ತದೆ. ಇನ್ನೊಂದು ತುದಿಯ ಜಾಯಿಂಟು ಅಷ್ಟೇ ಬಾಗಿದ್ದು, ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿಯುವ ಯೋಕುಗಳು ಒಂದೇ ನೇರಕ್ಕಿದ್ದರೆ ಈ ಏರಿಳಿತ ರದ್ದಾಗುತ್ತದೆ. ಗ್ರೀಸು ಹಾಕಲು ಶಾಫ್ಟನ್ನು ಎರಡಾಗಿ ಎಳೆದು ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆಯಾದರೂ ಆ ಲೆಕ್ಕ ಕೆಡುತ್ತದೆ. ಬಿಚ್ಚುವ ಮೊದಲು ಎರಡೂ ಭಾಗಕ್ಕೆ ಸೇರುವಂತೆ ಪೇಂಟಿನ ಒಂದು ಗೆರೆ ಎಳೆದರೆ ಮುಗಿಯಿತು. ಅಷ್ಟನ್ನೂ ಬಿಡುವವರಿದ್ದಾರೆ. ನೋಟಕ್ಕೆ ಚೆಂದವೆಂದು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಇನ್ನೂ ಕೆಟ್ಟದ್ದು. ಡಿ-ಮ್ಯಾಕ್ಸ್ ವಿ-ಕ್ರಾಸ್, ಹೈಲಕ್ಸ್‌ನಂಥ ಪಿಕಪ್‌ಗಳಲ್ಲಿ ಮುಂದಿನ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುತ್ತವೆ. ಅಲ್ಲಿ ಗಾಡಿ ಎತ್ತಿದಷ್ಟೂ ಚಕ್ರಕ್ಕೆ ಹೋಗುವ ಎರಡೂ ಶಾಫ್ಟುಗಳ ಜಾಯಿಂಟುಗಳು ಸದಾ ಹೆಚ್ಚು ಬಾಗಿಯೇ ದುಡಿಯಬೇಕಾಗುತ್ತದೆ.

ದೋಷ ಮೇಸ್ತ್ರಿಯೊಬ್ಬನದೇ ಅಲ್ಲ. ಬಿಲ್ಲಿನಲ್ಲಿ ಶಾಫ್ಟಿಗೆ ದುಡ್ಡಿದೆ, ಫಿಟ್ಟಿಂಗಿಗೆ ದುಡ್ಡಿದೆ, ಅರ್ಧ ದಿನ ಕೂತು ಕಾರಣ ಹುಡುಕಿದ್ದಕ್ಕೆ ಚಿಕ್ಕಾಸೂ ಇಲ್ಲ. “ಸಂಜೀಕ ಗಾಡಿ ಬೇಕು ನೋಡ್ರಿ, ಬಾಡಗಿ ಐತಿ” ಅನ್ನುವ ಮಾಲೀಕನ ಮುಂದೆ ಯಾರು ತಾನೇ ಎಂಜಿನ್ ಮೌಂಟಿನ ಅಡಿಗೆ ಹಾರೆ ಹಾಕಿ ಮೀಟಿ ನೋಡುತ್ತಾ ಕೂತಾರು? ಆದರೆ ಆ ಮೌಂಟಿನ ರಬ್ಬರು ಹರಿದಿದ್ದರೆ, ಪಿನಿಯನ್ ಬೇರಿಂಗಿನಲ್ಲಿ ಆಟವಿದ್ದರೆ, ಎಷ್ಟು ಶಾಫ್ಟು ಹಾಕಿದರೂ ಗಾಡಿ ಅವನ್ನು ತಿನ್ನುತ್ತಲೇ ಇರುತ್ತದೆ. ಮಾಲೀಕ ಹುಡುಕುವ ಕೂಲಿಯನ್ನು ಬೇರೆಯಾಗಿ ಕೊಡಬೇಕು, ಮುರಿದ ತುಂಡನ್ನು ಕೇಳಿ ಪಡೆಯಬೇಕು. ಮೇಸ್ತ್ರಿ ಆ ತುಂಡಿಗೆ ತಾರೀಖು, ಕಿಲೋಮೀಟರು ಬರೆದ ಚೀಟಿ ಕಟ್ಟಿ ಕೊಡಬೇಕು. ಮುಂದಿನ ಸಲ ಇನ್ನೊಂದು ಮುರಿದರೆ ಪಕ್ಕದಲ್ಲಿಟ್ಟು ನೋಡಲು ಆಗ ಏನಾದರೂ ಇರುತ್ತದೆ.

ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದರೆ ಟೈರಿನಿಂದ ಎನ್ನುತ್ತೇನೆ. ಹಿಂದೆ ಹೊಸ ಜೋಡಿ, ಮುಂದೆ ಸವೆದ ಜೋಡಿ ಹಾಕಿ ಓಡಿಸುವುದು ನಮ್ಮಲ್ಲಿ ಮಾಮೂಲು. ಸುತ್ತಳತೆಯಲ್ಲಿ ಶೇ. 2ರಷ್ಟು ವ್ಯತ್ಯಾಸವಿದ್ದರೆ, ಫೋರ್ ವೀಲ್‌ನಲ್ಲಿ ನೇರ ರಸ್ತೆಯಲ್ಲೇ ಕಿಲೋಮೀಟರಿಗೆ 20 ಮೀಟರ್ ವ್ಯತ್ಯಾಸ ಕೂಡುತ್ತದೆ, ಅದೂ ಟೈರು ಜಾರಿಯೋ ಶಾಫ್ಟು ತಿರುಚಿಯೋ ತೀರಬೇಕು. ಹೊಸ ಶಾಫ್ಟು ತರುವ ಮೊದಲು ಮೇಸ್ತ್ರಿ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ಹಿಡಿಸಿ, ದರ್ಜಿಯ ಟೇಪು ಸುತ್ತಿ, ಅಳತೆಯನ್ನು ಬಿಲ್ಲಿನ ಹಿಂದೆಯೇ ಬರೆಯಲಿ.